ನಮ್ಮ ಬೀದರಿಗೆ ಸಮುದ್ರ ಬಂದದ್ದು

ನಮ್ಮ ಮಾವನವರು ಹಡಗು ಕಟ್ಟಿದವರು. ನಗಬೇಡಿ. ನಗುವುದಿದ್ದರೆ ಪೂರ್ತಿ ಓದಿ ಆಮೇಲೆ ನಗಿ. ಸೊಸೆಯಾಗಿ ಬಂದ ಮೇಲೆ ಹದಿನೈದು ವರ್ಷ ನಾನೂ ನಕ್ಕಿದ್ದೇನೆ. ಭಾಲ್ಕಿ ತಾಲ್ಲೂಕಿನ ಖಟಕ ಚಿಂಚೋಳಿ ನಮ್ಮೂರು. ನಮ್ಮೂರ ಹಳ್ಳದಲ್ಲಿ ಎಮ್ಮೆ ಮಲಗಿದರೆ ಅರ್ಧ ಎಮ್ಮೆ ಒಣಗಿಯೇ ಇರುತ್ತದೆ. ಅಂಥ ಊರಿನಲ್ಲಿ ಹಡಗು ಕಟ್ಟುವವರು ಹುಟ್ಟಿದ್ದಾರೆಂದರೆ ಆ ದಿನ ದೇವರಿಗೆ ಬೇರೆ ಕೆಲಸವಿರಲಿಲ್ಲವೆಂದು ಕಾಣುತ್ತದೆ!

ಹರೆಯದಲ್ಲಿ ಅಪ್ಪನ ಜೊತೆ ಜಗಳವಾಡಿ, ಸೊಲ್ಲಾಪುರದ ತನಕ ಎತ್ತಿನ ಗಾಡಿ, ಅಲ್ಲಿಂದ ರೈಲು ಹಿಡಿದು ಮುಂಬಯಿಗೆ ಹೋದರಂತೆ. ಅಲ್ಲಿ ಬಂದರಿನ ಕಾರಖಾನೆಯಲ್ಲಿ ಇಪ್ಪತ್ತು ವರ್ಷ ದುಡಿದರು. ಮೊದಲು ಸರಕು ಸಾಗಿಸುವ ಹಡಗು. ಇಂಗ್ಲಿಷರು ಜರ್ಮನರ ಮೇಲೆ ಮೊದಲ ಸಲ ಯುದ್ಧಕ್ಕೆ ಬಿದ್ದಾಗ ಯುದ್ಧದ ಹಡಗು. ಯುದ್ಧ ಮುಗಿದ ಮೇಲೆ ಮತ್ತೆ ಸರಕಿನದು. ಹೋಗುವಾಗ ಅವರಿಗೆ ಎರಡು ಕಿವಿ ಇದ್ದವು. ಬರುವಾಗಲೂ ಎರಡಿದ್ದವು, ಆದರೆ ಬರೀ ನೋಡುವವರಿಗೆ.

ಕಿವಿ ಹೋದದ್ದು ಹೇಗೆ ಎಂದರೆ, ಆಗಿನ ಕಾಲದಲ್ಲಿ ಹಡಗಿನ ಕಬ್ಬಿಣದ ತಗಡುಗಳನ್ನು ರಿವೆಟ್ ಹೊಡೆದು ಕೂಡಿಸುತ್ತಿದ್ದರು. ರಿವೆಟ್ ಎಂದರೆ ದಪ್ಪ ತಲೆಯ ಮೊಳೆ. ಅದನ್ನು ಕೆಂಪಗೆ ಕಾಯಿಸಿ ತೂತಿಗೆ ತುರುಕಿ ಒಬ್ಬನು ಹೊರಗಿನಿಂದ ಸುತ್ತಿಗೆಯಲ್ಲಿ ಬಡಿಯುತ್ತಾನೆ. ಇನ್ನೊಬ್ಬನು ಒಳಗೆ ಕೂತು ಮೊಳೆಯ ತಲೆಗೆ ಕಬ್ಬಿಣದ ಗುಂಡು ಒತ್ತಿ ಹಿಡಿಯಬೇಕು, ಇಲ್ಲದಿದ್ದರೆ ಮೊಳೆ ಜಿಗಿದುಬಿಡುತ್ತದೆ. ಮಾವನವರು ಆ ಒಳಗಿನವರು. ಇಪ್ಪತ್ತು ವರ್ಷ ಹಡಗಿನ ಹೊಟ್ಟೆಯ ಕತ್ತಲಲ್ಲಿ ಕೂತು, ಬೇರೆಯವರು ಬಡಿದದ್ದನ್ನು ತಡೆದು ಹಿಡಿದರು. ಸಂಸಾರದ ಹೆಂಗಸರ ಕೆಲಸವೂ ಅದೇ. ನಾವು ಅದಕ್ಕಾಗಿ ಮುಂಬಯಿಗೆ ಹೋಗಬೇಕಾಗಿಲ್ಲ, ಅಷ್ಟೇ ವ್ಯತ್ಯಾಸ.

ಊರಿಗೆ ಬರುವಾಗ ಅತ್ತೆಗೆ ಒಂದು ಸೀರೆಯನ್ನೂ ತರಲಿಲ್ಲವಂತೆ. ಆ ಕಬ್ಬಿಣದ ಗುಂಡನ್ನು ಮಾತ್ರ ಧೋತರದಲ್ಲಿ ಸುತ್ತಿ ತಂದರು. ಅತ್ತೆ ಬದುಕಿರುವ ತನಕ ಅದನ್ನು ಸವತಿಯನ್ನು ನೋಡಿದ ಹಾಗೆ ನೋಡುತ್ತಿದ್ದರು. ಊರಿನಲ್ಲಿ ಅವರ ಕೆಲಸ ಬೆಲ್ಲ ಕಾಯಿಸುವ ಕಡಾಯಿಗಳದು. ಹತ್ತು ಮಂದಿ ಕೂತು ಊಟ ಮಾಡಬಹುದಾದಷ್ಟು ಅಗಲದ ಕಡಾಯಿಗಳು. ಅವುಗಳ ತಗಡನ್ನೂ ರಿವೆಟ್ ಹೊಡೆದೇ ಕೂಡಿಸುತ್ತಾರೆ. ಭಾಲ್ಕಿಯಿಂದ ಔರಾದದ ತನಕ ಯಾವ ಗಾಣದಲ್ಲಿ ಕಡಾಯಿ ಸೋರಿದರೂ ಇವರಿಗೇ ಕರೆ. ನನ್ನ ಗಂಡ ಮೇಲಿನಿಂದ ಬಡಿಯಬೇಕು, ಇವರು ಕವುಚಿದ ಕಡಾಯಿಯ ಕೆಳಗೆ ನುಸುಳಿ ಗುಂಡು ಹಿಡಿಯಬೇಕು. ಬೇರೆ ಯಾರಿಗೂ ಆ ಜಾಗ ಕೊಡುತ್ತಿರಲಿಲ್ಲ. ಕೊಟ್ಟರೆ ತಾನೇ ಯಾರು ಹೋಗುತ್ತಾರೆ?

ಈ ಚಟ ಕಡಾಯಿಗೇ ಮುಗಿದಿದ್ದರೆ ನಾನೇಕೆ ಬರೆಯುತ್ತಿದ್ದೆ? ಊರಿನಲ್ಲಿ ಎಲ್ಲೇ ಯಾರೇ ಮೊಳೆ ಹೊಡೆಯಲಿ, ಮಾವನವರು ಗುಂಡು ಹಿಡಿದು ಗೋಡೆಯ ಆಚೆ ಬದಿಗೆ ಹಾಜರು. ಸಪ್ಪಳ ಕೇಳುತ್ತಿರಲಿಲ್ಲ, ಅಂಗಾಲಿಗೆ ತಿಳಿಯುತ್ತಿತ್ತಂತೆ. ಒಮ್ಮೆ ಪಕ್ಕದ ಮನೆಯವರು ತೊಟ್ಟಿಲಿಗೆಂದು ಗೂಟ ಹೊಡೆಯುತ್ತಿದ್ದರು. ಗೋಡೆಯ ಆಚೆ ಅವರ ಮನೆಯ ಅಜ್ಜಿ ಕಣ್ಣು ಮುಚ್ಚಿ ಅಂಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂತಿದ್ದಾಳೆ. ಕಣ್ಣು ಬಿಟ್ಟರೆ ಮುಂದೆ ಮಾವನವರ ಬೆನ್ನು! ಗೋಡೆಗೆ ಗುಂಡು ಒತ್ತಿ, ಭುಜ ಕೊಟ್ಟು ನಿಂತಿದ್ದಾರೆ. ಅಜ್ಜಿ ಬೈದದ್ದು ಊರಿಗೆಲ್ಲ ಕೇಳಿತು, ಅವರೊಬ್ಬರಿಗೆ ಕೇಳಲಿಲ್ಲ. ಆ ಗೂಟ ಈಗಲೂ ಇದೆ. ಗೋಡೆ ಬಿದ್ದಿದೆ.

ನನ್ನ ರೊಟ್ಟಿಯ ಪಾಡು ಕೇಳಿ. ಬಿಸಿ ಜೋಳದ ರೊಟ್ಟಿ ತಟ್ಟೆಗೆ ಹಾಕಿದರೆ ಎತ್ತಿ ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದರು. ಎಲ್ಲಾದರೂ ಸೂಜಿಯಷ್ಟು ಬೆಳಕು ಕಂಡರೆ "ಸೋರ್ತದ" ಎಂದು ತಿರುಗಿ ಕೊಡುತ್ತಿದ್ದರು. ರೊಟ್ಟಿಯೊಳಗೆ ಸಮುದ್ರ ನುಗ್ಗುತ್ತದೆಯೇ? ಸೆರಗು ಬಾಯಿಗೆ ಅಡ್ಡ ಹಿಡಿದು ಹಾಗೆಂದು ಗೊಣಗುತ್ತಿದ್ದೆ. ಅಡ್ಡ ಹಿಡಿಯಲೇಬೇಕು, ಏಕೆಂದರೆ ಅವರು ತುಟಿ ನೋಡಿ ಮಾತು ತಿಳಿಯುವವರು. ನಮ್ಮ ಮನೆಗೆ ಬಂದ ಹೆಂಗಸರೆಲ್ಲ ಬಾಯಿ ಮುಚ್ಚಿಯೇ ಮಾತಾಡುವುದನ್ನು ನೋಡಿ, ಈ ಮನೆಯವರಿಗೆ ಬಹಳ ಮರ್ಯಾದೆ ಎಂದು ಹೊಸಬರು ತಿಳಿಯುತ್ತಿದ್ದರು.

ಇಷ್ಟೆಲ್ಲ ಹಡಗಿನ ಮಾತಾಡುವ ಮನುಷ್ಯನಿಗೆ ಒಂದೇ ಒಂದು ಪ್ರಶ್ನೆ ಆಗಿಬರುತ್ತಿರಲಿಲ್ಲ. ಹಡಗಿನ ಒಳಗೆ ಯಾವ ಬಣ್ಣ ಬಳಿಯುತ್ತಾರೆ, ಯಾವ ಮೂಲೆಯಲ್ಲಿ ಉಸಿರು ಕಟ್ಟುತ್ತದೆ, ಎಲ್ಲ ಹೇಳುತ್ತಿದ್ದರು. ಯುದ್ಧದ ಹಡಗಿಗೂ ಸರಕಿನ ಹಡಗಿಗೂ ಏನು ಫರಕು ಎಂದು ನಾನು ಕೇಳಿದ್ದಕ್ಕೆ, "ಯುದ್ಧದ್ರಾಗ ಮೊಣಕಾಲು ಚಾಚಲಿಕ್ಕ ಜಾಗಾ ಇರಲ್ಲ" ಎಂದಿದ್ದರು. ಇಷ್ಟು ತಿಳಿದವರಿಗೆ, ನೀವು ಕಟ್ಟಿದ ಹಡಗು ನೀರಿನ ಮೇಲೆ ಹೇಗೆ ಕಾಣುತ್ತಿತ್ತು ಎಂದು ಕೇಳಿದರೆ ಸಾಕು, ನಶ್ಯದ ಡಬ್ಬಿ ಹುಡುಕಲು ಶುರು. ಡಬ್ಬಿ ಕೈಯಲ್ಲೇ ಇರುತ್ತಿತ್ತು. ಈ ಮುದುಕ ಮುಂಬಯಿಯಲ್ಲಿ ಯಾವುದೋ ಖಾನಾವಳಿಯಲ್ಲಿ ಪಾತ್ರೆ ತೊಳೆದು ಬಂದಿದ್ದಾನೆ ಎಂದು ನಾನು ಮನಸ್ಸಿನಲ್ಲೇ ತೀರ್ಮಾನ ಮಾಡಿದ್ದೆ.

ಹೀಗಿರುವಾಗ ಹೈದರಾಬಾದ ಸಂಸ್ಥಾನ ಒಡೆದು ನಮ್ಮನ್ನು ಮೈಸೂರಿಗೆ ಕೂಡಿಸುವ ಮಾತು ಬಂತು. ಕಮಲನಗರದ ಸಂತೆಗೆ ಹೋದವರು ನಾವು ಮುಂಬಯಿಗೆ ಸೇರುತ್ತೇವೆಂದು ಕೇಳಿ ಬರುತ್ತಿದ್ದರು, ಬೀದರಿಗೆ ಹೋದವರು ಮೈಸೂರಿಗೆ ಎಂದು ಕೇಳಿ ಬರುತ್ತಿದ್ದರು. ಎರಡೂ ಕಡೆ ಹೋಗದವರು ಎಲ್ಲರಿಗಿಂತ ಜೋರಾಗಿ ವಾದ ಮಾಡುತ್ತಿದ್ದರು. ಉರ್ದು ಕಲಿತವರಿಗೆ ನೌಕರಿಯ ಚಿಂತೆ, ಕನ್ನಡ ಕಲಿತವರಿಗೆ ಹಿಗ್ಗು, ಏನೂ ಕಲಿಯದವರಿಗೆ ಎರಡೂ ಇಲ್ಲ. ಕೊನೆಗೆ ಮೈಸೂರು ಎಂದು ಗಟ್ಟಿಯಾಯಿತು. ಅಂದು ಚಾವಡಿಯಲ್ಲಿ ಸಾಲಿ ಮಾಸ್ತರು ಹೊಸ ರಾಜ್ಯದ ನಕಾಶೆ ಬಿಡಿಸಿ ತೋರಿಸುತ್ತಿದ್ದಾಗ ಮಾವನವರು ಬಗ್ಗಿ ನೋಡಿ, ಈ ಅಂಚಿಗೆ ನೀಲಿ ಬಳಿದದ್ದು ಏನೆಂದು ಕೇಳಿದರಂತೆ.

"ಸಮುದ್ರರಿ ಕಾಕಾ. ಕಾರವಾರ, ಮಂಗಳೂರು ಎಲ್ಲಾ ನಮ್ಮ ಜೋಡೀನೇ ಬರ್ತಾವ" ಎಂದರು ಮಾಸ್ತರು.

"ಅಂದ್ರ ಸಮುದ್ರ ನಮ್ದಾಯ್ತು."

ನಿಜಾಮರ ಕಾಲದಲ್ಲಿ ಇಲ್ಲದ ಸಮುದ್ರ ಒಂದೇ ದಿನದಲ್ಲಿ ಬೀದರಿಗೆ ಬಂತು! ಮಾವನವರು ಮನೆಮನೆಗೆ ಬೆಲ್ಲ ಹಂಚಿದರು. ಭಾಷೆಗಾಗಿ ಹಂಚುತ್ತಿದ್ದಾರೆಂದು ಮಂದಿ ಕೈ ಮುಗಿದು ತಿಂದರು.

ಸಮುದ್ರ ಬಂದ ಮೇಲೆ ಸರಕಾರ ಹಡಗು ಕಟ್ಟದೆ ಬಿಡುತ್ತದೆಯೇ? ಕಟ್ಟುವುದಾದರೆ ಒಳಗೆ ಹಿಡಿಯುವವರು ಬೇಡವೇ? ಅರ್ಜಿ ಹಾಕಬೇಕೆಂದು ಹಟ ಹಿಡಿದರು. ವಯಸ್ಸು ಎಪ್ಪತ್ತರ ಹತ್ತಿರ. ಭಾಲ್ಕಿಯಲ್ಲಿ ಅರ್ಜಿ ಬರೆಯುವವನಿಗೆ ಉರ್ದು ಬಿಟ್ಟು ಬೇರೆ ಬಾರದು. ನನ್ನ ಗಂಡನೂ ಉರ್ದು ಸಾಲಿಯವನು. ಮನೆಯಲ್ಲಿ ಕನ್ನಡ ಅಕ್ಷರ ಇದ್ದದ್ದು ನನಗೊಬ್ಬಳಿಗೆ, ಅದೂ ತವರಿನ ಮಠದ ಅಯ್ಯನವರು ಮಣ್ಣಿನ ಮೇಲೆ ಬೆರಳು ಹಿಡಿದು ತಿದ್ದಿಸಿದಷ್ಟು. ನನ್ನ ಅಕ್ಷರ ನೋಡಿದರೆ ಕೋಳಿಗೂ ನಾಚಿಕೆ. ಆದರೂ ನಾನೇ ಬರೆಯಲು ಕೂತೆ.

ಅವರು ಹೇಳುತ್ತಾ ಹೋದರು. ಕಿವುಡರಾದ್ದರಿಂದ ಓಣಿಗೆಲ್ಲ ಕೇಳುವ ಹಾಗೆ. ಮೈಸೂರು ಸರಕಾರದವರಿಗೆ ಶರಣು, ಹಡಗು ಕಟ್ಟುವುದಿದ್ದರೆ ಬರುತ್ತೇನೆ, ಗುಂಡು ನನ್ನದೇ ಇದೆ, ರೊಟ್ಟಿ ನಾನೇ ಕಟ್ಟಿಕೊಂಡು ಬರುತ್ತೇನೆ. ನನಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಂದ ಸರಿಸಿ, ಅವರಿಗೆ ಕಾಣುವ ಹಾಗೆ ತುಟಿ ಬಿಚ್ಚಿ ಕೇಳಿದೆ.

"ಇಲ್ಲೀತನಾ ಕಟ್ಟಿದ್ದು ಎಷ್ಟು ತೇಲ್ಯಾವಂತ ಬರೀಲ್ರಿ, ಮಾವೋರೆ?"

ನಶ್ಯದ ಡಬ್ಬಿ ಹುಡುಕುತ್ತಾರೆಂದು ಕಾದೆ. ಹುಡುಕಲಿಲ್ಲ.

"ನೋಡಿಲ್ಲ ಅಂತ ಬರಿ" ಎಂದರು.

ಆಮೇಲೆ ಹೇಳಿದರು. ಕಟ್ಟುವಾಗ ಹಡಗಿಗೆ ಸುತ್ತಲೂ ಬಿದಿರು ಕಟ್ಟಿರುತ್ತಾರಂತೆ, ಜೋಳದ ಕಣಕಿಯ ಬಣವೆಯ ಹಾಗೆ. ಏನೂ ಕಾಣದು. ಬಿದಿರು ಬಿಚ್ಚಿ ನೀರಿಗೆ ಬಿಡುವ ದಿನ ಸಾಹೇಬರು, ಅವರ ಹೆಂಡಂದಿರು, ಹೂವು, ಬಾಜಾ. ಆ ಹೊತ್ತಿಗೆ ಇವರ ಗುಂಪನ್ನು ಪಕ್ಕದ ಹೊಸ ಹಡಗಿನ ಹೊಟ್ಟೆಗೆ ತುರುಕಿ ಆಗಿರುತ್ತಿತ್ತು. ಜನರು ಕೂಗಿದ್ದು ತಗಡಿನ ಮೂಲಕ ಕೇಳುತ್ತಿತ್ತಂತೆ. ನಾಲ್ಕೈದು ವರ್ಷದ ಮೇಲೆ ಅದೂ ಕೇಳಲಿಲ್ಲ.

"ಹೊರಗ ಬಂದ್ರ ಹಡಗಿದ್ದ ಜಾಗಾ ಖಾಲಿ. ತೇಲ್ತೋ, ಮುಳಗ್ತೋ, ನನಗ್ಯಾರ್ ಹೇಳ್ಬೇಕವ್ವಾ? ಒಂದ್ ಮಾತು ಬರಿ. ಪಗಾರ ಬ್ಯಾಡ. ನೀರಿಗಿ ಬಿಡೋ ದಿನ ನನಗ ಹೊರಗ ನಿಂದರಸ್ಬೇಕು."

ಬರೆದೆ. ಅದರಲ್ಲಿ ಎಷ್ಟು ತಪ್ಪಿದ್ದವೋ ಮೈಸೂರಿನವರೇ ಬಲ್ಲರು.

ನಾನು ಬರೆದದ್ದು ಒಂದು ಕಾಗದ, ಓಣಿ ಕೇಳಿಸಿಕೊಂಡದ್ದು ಇಡೀ ಪುರಾಣ. ಮರುದಿನ ಚಾವಡಿಯಲ್ಲಿ ಯಾರೋ ಒಬ್ಬ, ಮುದುಕ ಕಟ್ಟಿದ್ದೆಲ್ಲ ಮುಳುಗಿರಬೇಕು, ಅದಕ್ಕೇ ಇಂಗ್ಲಿಷರು ದೇಶ ಬಿಟ್ಟು ಹೋದರು ಎಂದನಂತೆ. ಒಳ್ಳೆಯ ಮಾತೇ, ಬೇರೆ ದಿನ ಕೇಳಿದ್ದರೆ ನಾನೂ ನಗುತ್ತಿದ್ದೆ. ಆದರೆ ಅವನು ಬಾಯಿ ಮುಚ್ಚಿಕೊಂಡು ಹೇಳಲಿಲ್ಲ. ಮಾವನವರು ಅವನ ತುಟಿ ಓದಿಕೊಂಡರು. ಆಮೇಲೆ ಚಾವಡಿಗೆ ಹೋಗುವುದು ಬಿಟ್ಟರು. ರೊಟ್ಟಿ ಬೆಳಕಿಗೆ ಹಿಡಿಯುವುದನ್ನೂ ಬಿಟ್ಟರು, ಕೊಟ್ಟದ್ದನ್ನು ಸುಮ್ಮನೆ ತಿಂದರು. ಸೊಸೆಯಾದವಳಿಗೆ ಇದಕ್ಕಿಂತ ಸುಖ ಬೇಕೇ? ನನಗೆ ಒಂದು ವಾರ ರೊಟ್ಟಿಯೇ ಸರಿಯಾಗಿ ಬಡಿಯಲು ಬರಲಿಲ್ಲ.

ಸರಕಾರದ ಉತ್ತರ ಬರಲಿಲ್ಲ. ಟಪ್ಪಾಲು ತರುವ ಭಾಲ್ಕಿಯ ಬಸ್ಸು ದಿನಾ ಬರುತ್ತಿತ್ತು, ದಿನಾ ಖಾಲಿ ಕೈ.

ಮಳೆಗಾಲ ಮುಗಿಯುವ ಹೊತ್ತಿಗೆ ಜನವಾಡದ ಆಚೆ, ಮಾಂಜ್ರಾ ನದಿಯ ದಂಡೆಯಲ್ಲಿ ಕಬ್ಬು ಹಾಕಿದ್ದ ಪಾಟೀಲರಿಂದ ಹೊಸ ಕಡಾಯಿಗೆ ಹೇಳಿಕೆ ಬಂತು. ಇವರು ಏಳಲೇ ಇಲ್ಲ. ತಮ್ಮ ರಿವೆಟ್ ಮೇಲೆ ತಮಗೇ ಅನುಮಾನ ಹತ್ತಿತ್ತು. ನಾನು ಗುಂಡನ್ನು ಎತ್ತಿ ತಂದು ಮುಂದೆ ಇಟ್ಟೆ. ದರಿದ್ರದ್ದು, ಕರುವಿನಷ್ಟು ಭಾರ. ಈ ಸಲ ನೀವು ಹೊರಗಿನಿಂದ ಬಡಿಯಿರಿ, ಒಳಗೆ ನಾನು ಹಿಡಿಯುತ್ತೇನೆ ಎಂದೆ. ಯಾಕೆ ಅಂದೆನೋ! ಆ ಬಾಯಿಗೆ ಸೆರಗು ಅಡ್ಡ ಹಿಡಿದಿದ್ದರೆ ಚೆನ್ನಾಗಿತ್ತು.

ಎಂಟು ದಿನ ಕವುಚಿದ ಕಡಾಯಿಯ ಕೆಳಗೆ ಕೂತೆ. ಹೊರಗೆ ಮಾವನವರು ಬಡಿಯುವುದು, ನನ್ನ ಗಂಡ ಮೊಳೆ ಕಾಯಿಸಿ ಕೊಡುವುದು. ಒಂದೊಂದು ಏಟಿಗೆ ಹಲ್ಲು, ಎಲುಬು, ಹುಟ್ಟಿದ ಊರು ಎಲ್ಲ ಅಲುಗಾಡುತ್ತಿದ್ದವು. ಕತ್ತಲು, ಬೆವರು, ಕಿಡಿ. ಹೊರಗೆ ಬಂದ ಮೇಲೂ ಕಿವಿಯಲ್ಲಿ ಜೇನು ಹುಳ. ಗಂಡ ಏನು ಹೇಳಿದರೂ ಎರಡು ದಿನ ಕೇಳಲಿಲ್ಲ, ಅದೊಂದೇ ಲಾಭ. ಇಪ್ಪತ್ತು ವರ್ಷ ಇದನ್ನು ಮಾಡಿದ ಮನುಷ್ಯ ಬರೀ ಕಿವಿ ಕಳೆದುಕೊಂಡು ಬಂದದ್ದು ಹೆಚ್ಚು.

ನಮ್ಮ ಕಡೆ ಹೊಸ ಕಡಾಯಿಗೆ ವಿಭೂತಿ ಹಚ್ಚಿ, ಕಾಯಿ ಒಡೆದು, ಒಂದು ದಿನ ನೀರು ತುಂಬಿ ಇಟ್ಟು ಸೋರುತ್ತದೋ ನೋಡಿ, ಆಮೇಲೆ ಒಲೆಗೆ ಏರಿಸುವುದು ಪದ್ಧತಿ. ನಾವೂ ಜೊತೆಗೆ ಹೋಗಿ ನದಿಯ ದಂಡೆಯಲ್ಲಿ ಗಾಡಿಯಿಂದ ಕಡಾಯಿ ಇಳಿಸಿದ ಮೇಲೆ ಮಾವನವರು ಪಾಟೀಲರಿಗೆ, ನೀರು ಒಳಗೆ ಬೇಡ, ಹೊರಗಿರಲಿ, ಕಡಾಯಿಯನ್ನು ನದಿಗೆ ಬಿಡೋಣ ಎಂದರು. ಪಾಟೀಲರು ನನ್ನ ಮುಖ ನೋಡಿದರು. ಮುದುಕರ ಮಾತು ನಡೆಸಿಬಿಡಿ ಎಂದೆ. ಕಡಾಯಿಯ ಕಿವಿಗೆ ಹಗ್ಗ ಕಟ್ಟಿ ನಾಲ್ಕು ಆಳುಗಳು ಹಿಡಿದರು. ಬರೀ ಕಡಾಯಿ ತೇಲಿದರೆ ಏನು ಬಂತು, ಭಾರ ಹೊತ್ತರೆ ಅಲ್ಲವೇ ಹಡಗು? ಹಾಗೆಂದು ಮಾವನವರೇ ಧೋತರ ಎತ್ತಿ ಕಟ್ಟಿ, ಗುಂಡು ಬಗಲಿಗೆ ಇಟ್ಟು, ಕಡಾಯಿಗೆ ಕಾಲು ಹಾಕಿದರು. ಬುದ್ಧಿ ನೋಡಿ! ಹುಟ್ಟಿದಾಗಿನಿಂದ ಹೊರಗೆ ನಿಲ್ಲಬೇಕೆಂದು ಅತ್ತವರು, ಹೊತ್ತು ಬಂದಾಗ ಮತ್ತೆ ಒಳಗೆ!

ರಟ್ಟೆ ಹಿಡಿದು ಎಳೆದೆ. ಸೊಸೆ ಮಾವನ ಮೈ ಮುಟ್ಟುವ ಪದ್ಧತಿ ನಮ್ಮಲ್ಲಿಲ್ಲ. ಅಂದು ಮುಟ್ಟಿದೆ.

"ನೀವ್ ಹೊರಗ ನಿಂದರ್ರಿ" ಎಂದೆ. "ನಾ ಕೂಡ್ತೇನಿ."

ನನಗೆ ಈಜು ಬಾರದು. ಮೊಣಕಾಲಿಗಿಂತ ಮೇಲಿನ ನೀರನ್ನು ಅಂದಿನ ತನಕ ಬಾವಿಯಲ್ಲಿ ಬಗ್ಗಿ ನೋಡಿದ್ದೆ, ಅಷ್ಟೇ. ಕೊರಳಿನ ಲಿಂಗವನ್ನು ಒಂದು ಕೈಯಲ್ಲಿ, ಕಡಾಯಿಯ ಅಂಚನ್ನು ಒಂದು ಕೈಯಲ್ಲಿ ಹಿಡಿದು ನಡುವೆ ಕುಕ್ಕರಿಸಿದೆ. ಕಾಯಿ ಒಡೆದರು. ಆಳುಗಳು ನೂಕಿದರು. ತಳ ಮಣ್ಣಿಗೆ ಉಜ್ಜುತ್ತಿದ್ದ ಸಪ್ಪಳ ನಿಂತುಹೋಯಿತು. ಅಷ್ಟೇ, ಅದೇ ತೇಲುವುದಂತೆ. ಕಡಾಯಿ ಮೆಲ್ಲಗೆ ಸುತ್ತಲು ಶುರು ಮಾಡಿತು, ಬೀಸುವ ಕಲ್ಲಿನ ಹಾಗೆ. ನಾನು ತಳ ತಡವಿ ನೋಡಿದೆ. ಎಂಟು ದಿನ ನಾನು ಒತ್ತಿ ಹಿಡಿದಿದ್ದ ಮೊಳೆಗಳ ತಲೆ ಒಂದೊಂದಾಗಿ ಕೈಗೆ ಹತ್ತಿದವು. ಒಂದು ಹನಿ ಇರಲಿಲ್ಲ.

ಕಡಾಯಿ ಸುತ್ತಿ ದಂಡೆಯ ಕಡೆ ತಿರುಗಿದಾಗ ಮಾವನವರು ಕಂಡರು. ಗುಂಡನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದರು, ಎದೆ ಜಿಗಿದು ಹೋಗುತ್ತದೇನೋ ಎನ್ನುವ ಹಾಗೆ. ತುಟಿ ಅಲುಗುತ್ತಿದ್ದವು. ಜೀವಮಾನವಿಡೀ ಓಣಿಗೆ ಕೇಳುವ ಹಾಗೆ ಕೂಗಿದವರು ಅಂದು ಏನು ಹೇಳಿದರೋ, ಪಕ್ಕದಲ್ಲಿದ್ದ ಮಗನಿಗೂ ಕೇಳಲಿಲ್ಲವಂತೆ. ನನಗೆ ತುಟಿ ಓದಲು ಬಾರದು.

ಮರುದಿನ ನನ್ನ ರೊಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿದರು. "ಸೋರ್ತದ" ಎಂದರು. ಬೇರೆ ಬಡಿದು ಕೊಟ್ಟೆ.

ಅವರು ಹೋಗಿ ಬಹಳ ವರ್ಷವಾಯಿತು. ಗುಂಡು ನನ್ನ ಬಳಿಯೇ ಇದೆ, ಉಪ್ಪಿನಕಾಯಿ ಗಡಿಗೆಯ ಮೇಲೆ ಹೇರಿದ್ದೇನೆ. ಮೊಮ್ಮಕ್ಕಳು ಕೇಳುತ್ತಾರೆ, ಅಜ್ಜಿ, ಮುತ್ಯಾನ ಹಡಗು ನೀರಿನ ಮೇಲೆ ಹೇಗೆ ಕಾಣುತ್ತಿತ್ತು ಎಂದು. ನಾನೇನು ಹೇಳಲಿ? ನಾನು ಒಳಗಿದ್ದೆ. ನಶ್ಯ ನಾನು ಹಾಕುವುದಿಲ್ಲ. ಎಲೆ ಅಡಿಕೆಯ ಚೀಲ ಹುಡುಕುತ್ತೇನೆ.