ಕೊಬ್ಬರಿ ಮನೆಯ ಇಲಿಗಳೂ ಬೀಗರ ತಪಾಸಣೆಯೂ

ನಾನು ದಿನಚರಿ ಬರೆಯಲು ಆರಂಭಿಸಿ ಇಪ್ಪತ್ತಾರು ವರ್ಷಗಳಾದವು. ಇಷ್ಟು ಕಾಲದಲ್ಲಿ ಅದರಿಂದ ಯಾರಿಗೂ ಕೇಡಾಗಿರಲಿಲ್ಲ. (ಉಪಕಾರವೂ ಆಗಿಲ್ಲ ಎಂದು ನನ್ನ ಮನೆಯಾಕೆ ದ್ರಾಕ್ಷಾಯಣಮ್ಮ ಸೇರಿಸುವುದುಂಟು.) ಆದರೆ ೧೯೭೯ರ ಫೆಬ್ರವರಿ ಹದಿನೆಂಟನೆಯ ತಾರೀಖು, ಭಾನುವಾರ, ಅದೇ ದಿನಚರಿ ನನ್ನನ್ನು ನನ್ನ ಮನೆಯಿಂದಲೇ ಹೊರಹಾಕಿಸಿತು. ನಡೆದದ್ದನ್ನು ಕ್ರಮವಾಗಿ ನಿವೇದಿಸುತ್ತೇನೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನಿಗೆ ಕ್ರಮ ತಪ್ಪಿದರೆ ನಿದ್ದೆ ಬರುವುದಿಲ್ಲ.

ತುರುವೇಕೆರೆಯಲ್ಲಿ ನಮ್ಮದು ಹಳೆಯ ಹೆಂಚಿನ ಮನೆ. ನಡುಮನೆಯ ಮೇಲೆ ಅಟ್ಟ. ಅಟ್ಟದ ತುಂಬ ತೆಂಗಿನಕಾಯಿ. ಅವು ಸಿಪ್ಪೆಯೊಳಗೇ ಹತ್ತು ಹನ್ನೊಂದು ತಿಂಗಳು ತಪಸ್ಸು ಮಾಡಿ, ನೀರು ಇಂಗಿ, ಅಲ್ಲಾಡಿಸಿದರೆ ಗಡಗಡ ಎನ್ನುವ ಕೊಬ್ಬರಿಯಾಗುತ್ತವೆ. ತಪಸ್ಸಿಗೆ ಭಂಗ ಬಾರದಿರಲೆಂದು ಅಷ್ಟು ಕಾಲ ಅಟ್ಟಕ್ಕೆ ಯಾರೂ ಕೈ ಹಾಕುವುದಿಲ್ಲ. ಯಾರೂ ಎಂದರೆ ಮನುಷ್ಯರು. ಇಲಿಗಳಿಗೆ ಈ ಕಟ್ಟಳೆಯನ್ನು ತಿಳಿಸಿದವರಿಲ್ಲ.

ಜನವರಿ ಇಪ್ಪತ್ತೊಂದರಂದು ನಮ್ಮ ಒಬ್ಬಳೇ ಮಗಳು ಸರ್ವಮಂಗಳೆಯ ಸೀಮಂತವನ್ನು ನಮ್ಮ ಮನೆಯಲ್ಲೇ ಇಟ್ಟುಕೊಂಡಿದ್ದೆವು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕಾದ್ದು. ಅಂದು ಊಟ ಮುಗಿಸಿ ಬೀಗರು ಮಗಳನ್ನು ನಮ್ಮಲ್ಲಿ ಬಿಟ್ಟುಹೋಗುವುದೆಂದು ಮಾತಾಗಿತ್ತು. ದ್ರಾಕ್ಷಾಯಣಿ ಬಾಣಂತಿ ಕೋಣೆಗೆ ಸುಣ್ಣ ಹೊಡೆಸಿ, ಹಳೆಯ ಪಂಚೆಗಳನ್ನು ಒಗೆದು ಮಡಿಸಿ, ಬೆಳ್ಳುಳ್ಳಿ ಕೂಡ ಸುಲಿದಿಟ್ಟಿದ್ದಳು.

ಬೀಗರಾದ ವೀರಭದ್ರಯ್ಯನವರು ನಿವೃತ್ತ ಹೆಲ್ತ್ ಇನ್ಸ್‌ಪೆಕ್ಟರು. ಈಗ ಅಮ್ಮಸಂದ್ರದಲ್ಲಿ ಮಗ ಸೊಸೆಯರೊಡನೆ ಇದ್ದಾರೆ. ನೌಕರಿ ಅವರನ್ನು ಬಿಟ್ಟಿತ್ತೇ ಹೊರತು ಅವರು ನೌಕರಿಯನ್ನು ಬಿಟ್ಟಿರಲಿಲ್ಲ. ಅಂದು ಅವರನ್ನು ಗೌರವದಿಂದ ಪಂಕ್ತಿಯ ಮೊದಲ ಎಲೆಗೆ, ಅಂದರೆ ದುರದೃಷ್ಟವಶಾತ್ ಅಟ್ಟದ ಬಾಯಿಯ ನೇರ ಕೆಳಗೆ, ಕೂರಿಸಿದ್ದೆವು. ಹೋಳಿಗೆಗೆ ತುಪ್ಪ ಬಡಿಸಿದ ಮರುಕ್ಷಣವೇ ಮೇಲೆ ಸರಸರ ಸದ್ದಾಯಿತು. ತುಪ್ಪದ ನಡುವೆ ಕಪ್ಪನೆಯ ಮೂರು ಕಾಳುಗಳು ಅವತರಿಸಿದವು.

"ಇದೇನಮ್ಮ?" ಎಂದರು ಬೀಗರು.

"ಜೀರಿಗೆ ಕಣ್ರೀ ಅಣ್ಣಾವ್ರೆ," ಎಂದಳು ದ್ರಾಕ್ಷಾಯಣಿ, ಮಿಂಚಿನ ವೇಗದಲ್ಲಿ.

"ಹೋಳಿಗೆಗೆ ಜೀರಿಗೆ ಹಾಕೋ ಪದ್ಧತಿ ನಮ್ಮ ಕಡೆ ಇಲ್ಲ. ಇದು ಇಲಿ ಹಿಕ್ಕೆ." ಅವರು ಎಲೆ ಮಡಿಸಿ, ಎದ್ದು, ಸಾಬೂನು ಕೇಳಿ ಪಡೆದು ಕೈ ತೊಳೆದುಕೊಂಡರು. ಆಮೇಲೆ ನಡುಮನೆಯ ಮಧ್ಯದಲ್ಲಿ ನಿಂತು ಉಪನ್ಯಾಸ ಮಾಡಿದರು. ಇಲಿಯ ಉಚ್ಚೆ ಬಿದ್ದ ನೀರಿನಿಂದ, ಕೈಕಾಲಿನ ಗಾಯದ ಮೂಲಕ, ಇಲಿಜ್ವರ. ಅದರ ಮೈಮೇಲಿನ ಚಿಗಟದಿಂದ ಪ್ಲೇಗು. ಹಲ್ಲಿನಿಂದ ಮತ್ತೊಂದು ಜ್ವರ. ಹಿಕ್ಕೆ ಬಿದ್ದ ಅನ್ನದಿಂದ ವಾಂತಿಭೇದಿ. ಉಳಿದ ಪಂಕ್ತಿಯವರು ತಮ್ಮ ತಮ್ಮ ಹೋಳಿಗೆಯನ್ನು ಬೆಳಕಿಗೆ ಹಿಡಿದು ನೋಡತೊಡಗಿದರು.

"ಬೀಗ್ರೇ, ಬೇಜಾರು ಮಾಡ್ಕೋಬೇಡಿ. ಇಂಥ ಮನೇಲಿ ಎಳೇ ಕೂಸು ಮಲಗಿಸಕ್ಕೆ ನಾನು ಒಪ್ಪಲ್ಲ. ಒಂದೂ ಇಲಿ ಇಲ್ಲ ಅಂತಾದ ದಿನ ಕಾಗದ ಹಾಕಿ. ನಾನೇ ಬಂದು ನೋಡಿ, ಸರಿ ಅನ್ನಿಸಿದ್ರೆ ಹುಡುಗೀನ ಕಳಿಸ್ತೀನಿ," ಎಂದು, ಬಂದ ಬಸ್ಸಿನಲ್ಲೇ ಮಗಳನ್ನು ಹಿಂದಕ್ಕೆ ಕರೆದೊಯ್ದರು. ಮುಡಿದ ಹೂವಿನ ಸಮೇತ ಅವಳು ಕಿಟಕಿಯಿಂದ ನೋಡುತ್ತಲೇ ಹೋದಳು. ದ್ರಾಕ್ಷಾಯಣಿ ಅಂದು ನನ್ನೊಡನೆ ಮಾತಾಡಲಿಲ್ಲ. ಮರುದಿನ ಮಾತಾಡಿದಳು, ಮಾತಾಡದಿದ್ದುದೇ ಮೇಲಾಗಿತ್ತು.

"ಬಿ.ಎಸ್ಸಿ. ಮಾಡಿದೀರಿ. ಮಕ್ಕಳಿಗೆಲ್ಲ ಇಲಿ ಹೊಟ್ಟೇಲಿ ಏನಿದೆ ಅಂತ ಬೋರ್ಡಿನ ಮೇಲೆ ಬರೆದು ತೋರಿಸ್ತೀರಿ. ಮನೇಲಿರೋ ಇಲಿನ ಹಿಡಿಯಕ್ಕಾಗಲ್ವೇ?"

ಆಗುತ್ತದೆ ಎಂದೆ. ಇದ್ದ ಅಡ್ಡಿ ಒಂದೇ, ನನ್ನ ತಾಯಿ ಗುರುಸಿದ್ದಮ್ಮ. ಎಪ್ಪತ್ತಾರು ವರ್ಷ, ಮೂವತ್ತೆರಡು ಹಲ್ಲು. "ಬಸುರಿ ಹೆಂಗಸು ಬರೋ ಮನೇಲಿ ಜೀವ ತೆಗೀಬೇಡ ಕಣಪ್ಪ, ಏಕಾಂತ. ಹಿಡ್ದು ದೂರ ಬುಟ್ಟು ಬಾ. ನನ್ನ ಮೇಲೆ ಆಣೆ ಇಡು," ಎಂದರು. ಇಟ್ಟೆ.

ತಂತಿಯ ಬೋನನ್ನು ಹುಡುಕಿ ತೆಗೆದು, ವಾಡಿಕೆಯಂತೆ ಅದರ ಕೊಕ್ಕೆಗೆ ಸುಟ್ಟ ಕೊಬ್ಬರಿ ಚೂರು ಸಿಕ್ಕಿಸಿ, ಅಟ್ಟದ ಮೇಲಿಟ್ಟೆ. ದಿನಚರಿಯಲ್ಲಿ ಹೊಸ ಪುಟಕ್ಕೆ ಗೆರೆ ಎಳೆದು 'ಮೂಷಕ ನಿರ್ಮೂಲನ' ಎಂದು ಶೀರ್ಷಿಕೆ ಕೊಟ್ಟೆ. ಎಂಟು ದಿನ ಕಳೆಯಿತು. ಸಿಕ್ಕ ಇಲಿಗಳು: ಇಲ್ಲ. ಕೊಬ್ಬರಿ ಚೂರನ್ನು ಬದಲಾಯಿಸಿದೆ, ಇನ್ನಷ್ಟು ಸುಟ್ಟೆ, ತುಪ್ಪ ಸವರಿದೆ. ಒಂಬತ್ತನೆಯ ದಿನ ದ್ರಾಕ್ಷಾಯಣಿ ಏಣಿಯ ಬುಡದಲ್ಲಿ ನಿಂತು ನೋಡಿದಳು.

"ಏನ್ರೀ ಅದು, ಕೊಬ್ಬರಿಯೇ?"

"ಇಲಿಗಳಿಗೆ ಕೊಬ್ಬರಿ ಎಂದರೆ ಪ್ರಾಣ ಎಂಬುದು ಸರ್ವವಿದಿತ."

"ಅಲ್ಲ ಕಣ್ರೀ, ಅವು ಹುಟ್ಟಿದ್ದೂ ಕೊಬ್ಬರಿ ಮೇಲೆ, ಬೆಳೆದದ್ದೂ ಕೊಬ್ಬರಿ ಮೇಲೆ. ಸಾವಿರ ಕಾಯಿ ಬಿಟ್ಟು ನೀವಿಟ್ಟ ಉಗುರಿನಷ್ಟು ಚೂರು ತಿನ್ನಕ್ಕೆ ಬೋನಿನೊಳಗೆ ಯಾಕೆ ಹೋಗ್ತವೆ? ಅವಕ್ಕೂ ಬಾಯಿ ಕೆಟ್ಟಿರಲ್ವೇ?"

ಇಪ್ಪತ್ತೈದು ವರ್ಷ ವಿಜ್ಞಾನ ಬೋಧಿಸಿದ ನಾನು ಕೊಬ್ಬರಿ ಚೂರನ್ನು ಕೊಕ್ಕೆಯಿಂದ ಬಿಡಿಸಿ, ಬೋನನ್ನು ಅವಳ ಕೈಗೆ ಕೊಟ್ಟೆ. ಅಂದು ಸಂಜೆ ಅವಳು ಈರುಳ್ಳಿ ಬೋಂಡ ಕರಿದಳು. (ನನ್ನ ಹೊಟ್ಟೆಯ ಉರಿಯ ನೆಪದಲ್ಲಿ ದೀಪಾವಳಿಯಿಂದ ನಮ್ಮ ಮನೆಯಲ್ಲಿ ಬೋಂಡ ನಿಷೇಧವಾಗಿತ್ತು. ಇಲಿಗಳಿಗೆ ಹೊಟ್ಟೆಯುರಿ ಇಲ್ಲವೆಂದು ತೋರುತ್ತದೆ.) ಬೋನಿಗೆ ಒಂದನ್ನು ಸಿಕ್ಕಿಸಿ, ಉಳಿದವನ್ನು ನನ್ನ ಕೈಗೆ ಎಟುಕದ ಗೂಡಿನಲ್ಲಿಟ್ಟಳು. ಬೆಳಗಾಗುವಷ್ಟರಲ್ಲಿ ಬೋನಿನೊಳಗೆ ದಪ್ಪನೆಯ ಇಲಿಯೊಂದು ಬಂದು ಕುಳಿತಿತ್ತು.

ಹಿಡಿದ ಇಲಿ ಮರಳಿ ಬರುತ್ತದೆಯೋ ಇಲ್ಲವೋ ಎಂಬುದು ಖಚಿತವಾಗಬೇಡವೇ? ಆದ್ದರಿಂದ ತಂತಿಯ ಸಂದಿನಿಂದ ಬಾಲವನ್ನು ಎಳೆದು ಹಿಡಿದು, ಉತ್ತರಪತ್ರಿಕೆ ತಿದ್ದುವ ಕೆಂಪು ಮಸಿಯಿಂದ ಮೊದಲನೆಯದಕ್ಕೆ ಒಂದು ಬಳೆ, ಎರಡನೆಯದಕ್ಕೆ ಎರಡು, ಹೀಗೆ ಬರೆಯುತ್ತ ಹೋದೆ.

"ಮಾರ್ಕ್ಸ್ ಕೊಡ್ತಿದ್ದೀಯೇನಪ್ಪ?" ಎಂದು ತಾಯಿ ಕೇಳಿದರು. "ಪಾಸಾದ್ವಾ?"

ಬಳಿಕ ಬೋನನ್ನು ತರಕಾರಿಯ ಕೈಚೀಲದಲ್ಲಿಟ್ಟು ಸೈಕಲ್ಲಿಗೆ ನೇತುಹಾಕಿ, ಮಾಯಸಂದ್ರದ ರಸ್ತೆಯಲ್ಲಿ ಎರಡು ಮೈಲಿ ಹೋಗಿ, ನಮ್ಮದೇ ತೋಟದ ಗುಡಿಸಲಿನ ಬಳಿ ಬಿಟ್ಟುಬರುತ್ತಿದ್ದೆ. ಬೇರೆಯವರ ತೋಟದಲ್ಲಿ ಬಿಡುವುದು ನಾಗರಿಕ ಲಕ್ಷಣವಲ್ಲ. ಫೆಬ್ರವರಿ ಹನ್ನೆರಡರ ಹೊತ್ತಿಗೆ ಹನ್ನೊಂದು ಇಲಿಗಳು ಸ್ಥಳಾಂತರಗೊಂಡವು, ಒಂದೂ ಮರಳಲಿಲ್ಲ. ಏಳನೆಯದು ಮಾತ್ರ ಬಳೆ ತೊಡಿಸುವಾಗ ನನ್ನ ಹೆಬ್ಬೆರಳನ್ನು ಸ್ವಲ್ಪ ಪರೀಕ್ಷಿಸಿತು.

ಉಳಿದದ್ದು ಹನ್ನೆರಡನೆಯದು. ಅದಕ್ಕೆ ಕೊಬ್ಬರಿಯೂ ಬೇಡ, ಬೋಂಡವೂ ಬೇಡ. ಮೂರು ದಿನ ಅಟ್ಟದಲ್ಲಿ ಕರಕರ ಎನ್ನುತ್ತ ನನ್ನನ್ನು ಅಣಕಿಸಿತು. ದ್ರಾಕ್ಷಾಯಣಿ ದಿನಕ್ಕೆರಡು ಸಲ ಬಾಣಂತಿ ಕೋಣೆಯ ಬಾಗಿಲು ತೆರೆದು ನೋಡಿ ಮುಚ್ಚುತ್ತಿದ್ದಳು. ಅದನ್ನು ನೋಡಲಾರದೆ ಹದಿನೈದರಂದು ನಾನು ಗುಟ್ಟಾಗಿ ಇಲಿ ಪಾಷಾಣ ತಂದು, ಬೋಂಡಕ್ಕೆ ಬೆರೆಸಿ, ಅಟ್ಟದ ಮೂಲೆಯಲ್ಲಿಟ್ಟೆ. ವಿಜ್ಞಾನದ ಮೇಲಿನ ಭರವಸೆಯಿಂದ ಬೀಗರಿಗೆ ಅಂದೇ ಕಾಗದ ಹಾಕಿದೆ: 'ಇಲಿಗಳ ಸಂಖ್ಯೆ ಸೊನ್ನೆ. ಭಾನುವಾರ ದಯಮಾಡಿಸುವುದು.'

ಹದಿನಾರರ ಬೆಳಿಗ್ಗೆ ತಾಯಿ ನಡುಮನೆಯಲ್ಲಿ ಮೊರದ ತುಂಬ ಅವರೆಕಾಯಿ ಹರವಿಕೊಂಡು ಸುಲಿಯುತ್ತಿದ್ದರು. ಹನ್ನೆರಡನೆಯ ಇಲಿ ಅಟ್ಟದ ಅಂಚಿನವರೆಗೆ ತೂರಾಡುತ್ತ ಬಂದು, ಪಟ್ಟನೆ ಅವರ ಮೊರದ ಪಕ್ಕಕ್ಕೆ ಬಿದ್ದು, ಅಲ್ಲೇ ಪ್ರಾಣ ಬಿಟ್ಟಿತು.

ತಾಯಿ ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ಎದ್ದು ನಿಂತು, "ಇಲಿ ಬಿತ್ತು," ಎಂದರು. ಆ ಎರಡು ಮಾತಿಗೆ ನಮ್ಮ ಕಡೆಯ ಮುದುಕರಲ್ಲಿ ಒಂದೇ ಅರ್ಥ. "ನಂಗೆ ಹತ್ತು ವರ್ಸ. ಹಿಂಗೇ ಬಿತ್ತು. ಮೂರನೇ ದಿನಕ್ಕೆ ನಮ್ಮಕ್ಕ ಹೋದ್ಲು, ಆಮೇಲೆ ನಮ್ಮವ್ವ. ಏಳ್ರಪ್ಪ, ಏಳಿ. ಇಲಿ ಬಿದ್ದ ಮನೇಲಿ ಒಲೆ ಹಚ್ಚಬಾರ್ದು. ಯಾರೂ ಅದನ್ನ ಮುಟ್ಟಬೇಡಿ. ಸೀಮೆಎಣ್ಣೆ ತಾ."

"ಅವ್ವ, ಇದು ಪ್ಲೇಗ್ ಅಲ್ಲ," ಎಂದೆ.

"ಮತ್ಯಾತರದ್ದು? ಹೇಳು ನೋಡನ. ಸುಮ್ಮನೆ ಸಾಯ್ತದಾ ಇಲಿ?"

ಆಕೆಯ ಮೇಲೆ ಆಣೆಯಿಟ್ಟಿದ್ದವನು ನಾನು. ಸೀಮೆಎಣ್ಣೆ ಡಬ್ಬ ತರಲು ಹೊರಟೆ. ಅಷ್ಟರಲ್ಲಿ ಸೊಸೆ ಅತ್ತೆಯ ಪಕ್ಷ ಸೇರಿಯಾಗಿತ್ತು.

ಆಮೇಲೆ ನಡೆದದ್ದನ್ನು ದಂಡಯಾತ್ರೆ ಎನ್ನಬಹುದು. ಹಿತ್ತಿಲ ಆಚೆಯ ಕಣದಲ್ಲಿ ತೋಟದಾಳು ಮಾಯಣ್ಣ ತೆಂಗಿನ ಗರಿಯ ಚಪ್ಪರ ಹಾಕಿದ. ಪಾತ್ರೆ, ಹಾಸಿಗೆ, ದೇವರು ಎಲ್ಲ ಅಲ್ಲಿಗೆ ಹೋದವು. ಸತ್ತ ಇಲಿಯನ್ನು ಇಕ್ಕಳದಲ್ಲೆತ್ತಿ, ಸುಟ್ಟು, ಹೂಳಿದರು. ತಾಯಿ ಅಂಗಳದಲ್ಲಿ ಕೋಲೂರಿ ನಿಂತು ಆಜ್ಞಾಪಿಸಿದರು: "ಮಾಯಣ್ಣ, ಅಟ್ಟದ ಮೇಗಳ ಹೆಂಚು ತೆಗಿ. ಬಿಸ್ಲು ಬೀಳ್ಲಿ. ಆಗ ಸರ್ಕಾರದೋರು ಹಂಗೇ ಮಾಡ್ತಿದ್ರು."

"ಅವ್ವ, ಕಾಯಿ ಇನ್ನೂ ಆಗಿಲ್ವಲ್ಲ," ಎಂದ ಮಾಯಣ್ಣ.

"ಕಾಯಿ ಮುಂದಿನ ವರ್ಸವೂ ಆಯ್ತವೆ ಕಣ್ಲಾ. ಮಗೀನ ಉಸಿರು ಮುಖ್ಯ. ಇಳ್ಸು."

ಒಂದೊಂದು ಕಾಯಿಯೂ ಇಳಿಯಿತು. ಅಟ್ಟಕ್ಕೆ ಬಿಸಿಲು ಬಿತ್ತು. ನನ್ನ ಲೆಕ್ಕದ ಪ್ರಕಾರ ಸೊನ್ನೆ ಇರಬೇಕಾದಲ್ಲಿ ಇನ್ನೂ ಮೂರು ಗೂಡುಗಳಿದ್ದವು; ಅವುಗಳ ನಿವಾಸಿಗಳು ಬೆಳಕನ್ನು ತಾಳಲಾರದೆ ಮಾಡಿನ ಮೇಲಿಂದ ದೇಶಾಂತರ ಹೊರಟುಹೋದರು. ಗೂಡುಗಳ ಮೆತ್ತೆಯನ್ನು ಪರೀಕ್ಷಿಸಿದೆ: ನನ್ನ ೧೯೬೮ರ ದಿನಚರಿ, ಜನವರಿಯಿಂದ ಆಗಸ್ಟಿನವರೆಗೆ.

ಭಾನುವಾರ ಬೆಳಿಗ್ಗೆ ಬೀಗರು ಬಂದಾಗ ಮನೆಯ ಅರ್ಧ ಮಾಡಿಗೆ ಹೆಂಚಿರಲಿಲ್ಲ, ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ, ಮನೆಯವರೆಲ್ಲ ಗರಿಯ ಚಪ್ಪರದಲ್ಲಿ ಕುಳಿತು ಅವರೆಕಾಳಿನ ಉಪ್ಪಿಟ್ಟು ತಿನ್ನುತ್ತಿದ್ದರು. ದ್ರಾಕ್ಷಾಯಣಿ ತಟ್ಟೆಯನ್ನು ಸೆರಗಿನ ಮರೆಗೆ ಎಳೆದುಕೊಂಡಳು. ಮಗಳು ಇನ್ನು ಬಂದ ಹಾಗೆಯೇ ಎಂದುಕೊಂಡೆ.

ವೀರಭದ್ರಯ್ಯನವರು ನೇರವಾಗಿ ಒಳಗೆ ಹೋದರು. ಏಣಿ ಹತ್ತಿದರು. ಮೂಗು ಮೂಲೆಗಳಿಗೆಲ್ಲ ಹೋಗಿಬಂತು. ಕೆಳಗಿಳಿದು ಬಂದಾಗ ಅವರ ಕಣ್ಣು ತೇವವಾಗಿತ್ತು.

"ಇದನ್ನ ಹೀಗೆ ಮಾಡಿ ಅಂತ ಯಾರು ಹೇಳಿದ್ದು?"

"ನಾನೇ ಕಣಪ್ಪ. ಇಲಿ ಬಿತ್ತು, ಸುಡ್ಸಿ ಮನೆ ಬಿಡ್ಸಿದೆ," ಎಂದರು ತಾಯಿ.

"ಅಮ್ಮ, ಮೂವತ್ತು ವರ್ಷ ಹಳ್ಳಿ ಹಳ್ಳಿ ತಿರುಗಿ ಬಡ್ಕೊಂಡೆ. ಸತ್ತ ಇಲಿ ಮುಟ್ಟಬೇಡಿ, ಸುಡಿ, ಮನೆ ಬಿಡಿ, ಬಿಸಿಲು ಬಿಡಿ ಅಂತ. ಒಬ್ರೂ ಕೇಳಲಿಲ್ಲ. ಯಾರೂ ಹೇಳದೇನೇ ನೀವು ಮಾಡಿದ್ದೀರಿ!" ಎಂದು ಬಗ್ಗಿ ತಾಯಿಯ ಪಾದ ಮುಟ್ಟಿದರು. "ಹೆಂಚು ಹೊದಿಸಿ. ಬುಧವಾರ ಹುಡುಗೀನ ಕರ್ಕೊಂಡು ಬರ್ತೀನಿ."

ದ್ರಾಕ್ಷಾಯಣಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕಥೆ ಇಲ್ಲಿಗೇ ನಿಲ್ಲಬಹುದಿತ್ತು. ಆದರೆ ಹನ್ನೊಂದು ಇಲಿಗಳನ್ನು ಹಿಡಿದವನ ಹೆಸರನ್ನು ಯಾರೂ ಎತ್ತಲಿಲ್ಲವೆಂಬ ಸಣ್ಣ ನೋವು ನನಗಿತ್ತು. "ಬೀಗರೇ, ಸಮಗ್ರ ದಾಖಲೆ ನನ್ನಲ್ಲಿದೆ," ಎಂದು ದಿನಚರಿಯನ್ನು ತಂದು ಕೈಗಿತ್ತೆ. ಅವರು ಕನ್ನಡಕ ಹಾಕಿಕೊಂಡು, ಎಲ್ಲರಿಗೂ ಕೇಳುವಂತೆ ಓದಿದರು.

"'ಬಾಲವನ್ನು ಬರಿಗೈಯಿಂದ ಹಿಡಿದು...' ಬರಿಗೈ! 'ತರಕಾರಿ ಚೀಲದಲ್ಲಿಟ್ಟು...'"

"ನನ್ನ ಚೀಲವೇ?" ಎಂದಳು ದ್ರಾಕ್ಷಾಯಣಿ. "ಅದ್ರಲ್ಲೇ ಅಲ್ವೇನ್ರೀ ನೀವು ಸೊಪ್ಪು ತರ್ತಿದ್ದದ್ದು?"

"'ಏಳನೆಯದು ಹೆಬ್ಬೆರಳನ್ನು ಕಚ್ಚಿತು. ಅರಿಶಿನ ಹಚ್ಚಿದೆ.'" ಬೀಗರು ಹಾಳೆ ತಿರುವಿದರು. "'ಹದಿನೈದು, ಗುರುವಾರ. ತಾಯಿಗೆ ತಿಳಿಯದಂತೆ ಪಾಷಾಣ...'"

ತಾಯಿ ಪಕ್ಕದಲ್ಲಿದ್ದ ಕೋಲನ್ನು ಹತ್ತಿರಕ್ಕೆ ಎಳೆದುಕೊಂಡರು.

"ನನ್ನ ಮೇಲೆ ಆಣೆ ಇಟ್ಟು," ಎಂದರು. "ಎರಡು ದಿನ ನಮ್ಮಕ್ಕನ್ನ ನೆನೆಸ್ಕೊಂಡು ಅತ್ತೆನಲ್ಲೋ."

ಆ ಮಾತಿಗೆ ನಾನು ತಲೆ ತಗ್ಗಿಸಿದೆ; ಇದನ್ನು ಬರೆಯುವಾಗಲೂ ತಗ್ಗಿಸಿದ್ದೇನೆ. ಬೀಗರ ತೀರ್ಪು ಮಾತ್ರ ನಾನು ತಲೆ ಎತ್ತುವವರೆಗೆ ಕಾಯಲಿಲ್ಲ: ಮನೆ ಶುದ್ಧ, ಮನೆಯ ಯಜಮಾನ ಶುದ್ಧನಲ್ಲ. ಜ್ವರ ಬರುತ್ತದೋ ಇಲ್ಲವೋ ತಿಳಿಯುವವರೆಗೆ, ಅಂದರೆ ಹದಿನೈದು ದಿನ, ಬಸುರಿಯಿಂದ ದೂರವಿರತಕ್ಕದ್ದು. ಆಸ್ಪತ್ರೆಯ ಡಾಕ್ಟರು ಬೆರಳು ನೋಡಿ, ಸೂಜಿ ಚುಚ್ಚಿ, "ಇಲಿಜ್ವರ ಒಬ್ಬರಿಂದ ಒಬ್ಬರಿಗೆ ಹಾಗೆಲ್ಲ ಅಂಟಲ್ಲ ಮೇಷ್ಟ್ರೇ, ಮನೇಲೇ ಇರಿ," ಎಂದರು. ಆದರೆ ಡಾಕ್ಟರು ನಮ್ಮ ಬೀಗರಲ್ಲ.

"ತೋಟದ ಗುಡ್ಲು ಐತಲ್ಲ," ಎಂದರು ತಾಯಿ.

ಹೀಗೆ ನಾನು ಗುಡಿಸಲಿಗೆ ಬಂದೆ. ಹನ್ನೊಂದು ಮಂದಿ ಹಳೆಯ ಪರಿಚಿತರು ನನಗಿಂತ ಮೊದಲೇ ಅಲ್ಲಿ ನೆಲೆಸಿದ್ದರು. ಸೂರಿನ ಗಳದ ಮೇಲೆ ಎರಡು ಬಳೆ ಓಡುತ್ತದೆ. ನಾಲ್ಕು ಬಳೆ ನನ್ನ ಚಪ್ಪಲಿಯನ್ನು ಶೋಧಿಸುತ್ತದೆ. ಏಳು ಬಳೆ ದೂರ ಕುಳಿತು ನನ್ನ ಹೆಬ್ಬೆರಳನ್ನು ನೋಡುತ್ತದೆ. ದಿನಚರಿಯನ್ನು ದಾರಕ್ಕೆ ಕಟ್ಟಿ ಸೂರಿಗೆ ನೇತುಹಾಕಿ, ಬರೆಯುವಾಗ ಮಾತ್ರ ಇಳಿಸಿಕೊಳ್ಳುತ್ತೇನೆ. ಜ್ವರ ಬಂದಿಲ್ಲ.

ಇಂದು ಶುಕ್ರವಾರ, ಸಂಜೆ ಮಾಯಣ್ಣನ ಗಾಡಿಯಲ್ಲಿ ಸರ್ವಮಂಗಳೆ ತಾನೇ ಬಂದಿದ್ದಳು. ಮುಖ ತುಂಬಿಕೊಂಡಿದೆ. ಗಾಡಿಯಿಂದ ಇಳಿಯುವಂತಿಲ್ಲ; ನಾನು ಹತ್ತಿರ ಹೋಗುವಂತಿಲ್ಲ.

"ಅಪ್ಪಾಜಿ, ಮನೇಲಿ ಒಂದು ಸದ್ದೂ ಇಲ್ಲ. ಎಷ್ಟು ಚೆನ್ನಾಗಿ ನಿದ್ದೆ ಬರ್ತದೆ ಗೊತ್ತಾ? ಅಜ್ಜಿ ನಿಮ್ಮ ಮೇಲೆ ಕೋಪ ಬಿಟ್ಟವ್ರೆ, ಆದ್ರೆ ಹೇಳಬೇಡ ಅಂದವ್ರೆ." ಮಾಯಣ್ಣನ ಕೈಯಲ್ಲಿ ಊಟದ ಕ್ಯಾರಿಯರನ್ನೂ ಆ ಬೋನನ್ನೂ ಕಳಿಸಿದಳು. "ಕ್ಯಾರಿಯರಲ್ಲಿ ನಿಮಗೆ ಮುದ್ದೆ, ಬಸ್ಸಾರು. ಬೋನಿನಲ್ಲಿ ಅಮ್ಮ ಬೋಂಡ ಸಿಕ್ಕಿಸವ್ರೆ, ಅದು ಇಲಿಗೆ. ಅದಲು ಬದಲು ಮಾಡ್ಕೋಬೇಡಿ ಅಂತ ಎರಡೆರಡು ಸಲ ಹೇಳಿದ್ರು."

ಗಾಡಿ ಮರೆಯಾಗುವವರೆಗೂ ಕೈ ಬೀಸಿದೆ. ಆಮೇಲೆ ಕುಳಿತು ಬೋನನ್ನು ನೋಡಿದೆ. ಈರುಳ್ಳಿ ಬೋಂಡ; ಇನ್ನೂ ಬೆಚ್ಚಗಿತ್ತು. ದೀಪಾವಳಿಯಾಗಿ ನಾಲ್ಕು ತಿಂಗಳು.

ದಿನಚರಿಯಲ್ಲಿ ಈ ಸಂಜೆಯ ನಮೂದು ಎಡಗೈಯಿಂದ ಬರೆದದ್ದು. ಅಕ್ಷರ ಸೊಟ್ಟಗಿರುವುದಕ್ಕೆ ಕ್ಷಮೆಯಿರಲಿ: 'ಕ್ರಮಸಂಖ್ಯೆ ಹದಿಮೂರು. ಬೋಂಡಕ್ಕೆ ಕೈ ಹಾಕುತ್ತಿದ್ದಂತೆಯೇ ಬೋನಿಗೆ ಸಿಕ್ಕಿತು. ಬಾಲವಿಲ್ಲದ ಕಾರಣ ಗುರುತು ಹಾಕಲಾಗಿಲ್ಲ.'