ಮಿಸ್ ಅರ್ನೆಸ್ಟೀನ್ ನೋಡಿದ ಕೆಂಪು ಪಿಕಪ್

ಮಿಸ್ ಅರ್ನೆಸ್ಟೀನ್ ಆ ಬುಧವಾರ ಬೆಳಿಗ್ಗೆ ಲೂರ್ಲೀನಳ ಹೋಟೆಲಿಗೆ ಸಿಹಿಗೆಣಸಿನ ಪೈ ಕೊಳ್ಳಲು ಬಂದವಳು, ಬಾಗಿಲ ಮುಂದೆ ನಿಂತಿದ್ದ ಹೊಸ ಕೆಂಪು ಪಿಕಪ್ಪನ್ನು ಒಂದು ಗಳಿಗೆ ದಿಟ್ಟಿಸಿ, "ಹುಂ" ಎಂದು ಒಳಗೆ ಹೋದಳು. ಬೆಲ್‌ಫೋರ್ಡ್ ಊರಿನ ಆ ದಿನದ ಅನಾಹುತಕ್ಕೆಲ್ಲ ಮೂಲ ಆ "ಹುಂ".

ಬೇರೆ ದಿನವಾಗಿದ್ದರೆ ಯಾರೂ ಗಮನಿಸುತ್ತಿರಲಿಲ್ಲ. ಆದರೆ ಅವಳ ಮೊಮ್ಮಗ ಓಡೆಲ್, ಊರವರ ಬಾಯಲ್ಲಿ ಬಿಸ್ಕೆಟ್, ಅಂದು ಮಧ್ಯಾಹ್ನ ಹೈಸ್ಕೂಲಿನ ವ್ಯಾಯಾಮಶಾಲೆಯಲ್ಲಿ ಎಲ್ಲರ ಎದುರು ಕೂತು, ಮೇಜಿನ ಮೇಲಿಟ್ಟ ಎರಡು ಕಾಲೇಜುಗಳ ಟೋಪಿಗಳಲ್ಲಿ ಒಂದನ್ನು ತಲೆಗೆ ಹಾಕಿಕೊಳ್ಳುವವನಿದ್ದ. ಯಾವ ಟೋಪಿಯೋ ಆ ಕಾಲೇಜಿನ ತಂಡದಲ್ಲಿ ಆಡಲು ಸಹಿ. ಮಿಸಿಸಿಪ್ಪಿಯ ಆ ಭಾಗದಲ್ಲಿ ಬಿಸ್ಕೆಟ್‌ನಷ್ಟು ದೊಡ್ಡ ಹುಡುಗ ಹುಟ್ಟಿರಲಿಲ್ಲ. ಚೆಂಡನ್ನು ಕೈಯಲ್ಲೇ ಎಸೆದು ಹಿಡಿದು ಆಡುವ ಅಮೆರಿಕದ ಫುಟ್‌ಬಾಲ್ ಮೈದಾನದಲ್ಲಿ ಅವನನ್ನು ದಾಟಿ ಹೋಗುವುದೆಂದರೆ ಬೀಗ ಹಾಕಿದ ಗೋದಾಮಿನೊಳಗೆ ಹಣೆಯಿಂದ ಗುದ್ದಿ ನುಗ್ಗಿದ ಹಾಗೆ.

ಒಂದು ಟೋಪಿ ಊರಿನದೇ ಆದ ಬೆಲ್‌ಫೋರ್ಡ್ ಕಾಲೇಜಿನದು. ಇನ್ನೊಂದು, ಉತ್ತರಕ್ಕಿರುವ ದೊಡ್ಡ ವಿಶ್ವವಿದ್ಯಾಲಯದ್ದು. ಹಿಂದೆಲ್ಲ ಕಾಲೇಜು ಆಟಗಾರ ಯಾರದ್ದೋ ದುಡ್ಡಲ್ಲಿ ಒಂದು ಹ್ಯಾಂಬರ್ಗರ್ ತಿಂದರೂ ವಿಚಾರಣೆ ನಡೆಯುತ್ತಿತ್ತು. ಈಗ ಜಾಹೀರಾತಿಗೆ ಮುಖ ಕೊಟ್ಟು ಸಂಪಾದಿಸಬಹುದು ಎಂದಾದ ಮೇಲೆ, ಕಾಲೇಜು ನೋಡಲು ಬಂದ ಹುಡುಗರು ಗ್ರಂಥಾಲಯಕ್ಕಿಂತ ಮೊದಲು ಊರಿನ ಅಂಗಡಿಬೀದಿ ನೋಡುತ್ತಿದ್ದರು. ಬೆಲ್‌ಫೋರ್ಡಿನ ಅಂಗಡಿಬೀದಿ ಉದ್ದವೇನಲ್ಲ.

"ಲೊವೆಲ್, ಬೇಗ ಬಾ," ಎಂದು ಲೂರ್ಲೀನ್ ಫೋನಿನಲ್ಲಿ ಪಿಸುಗುಟ್ಟಿದಳು. "ಅಜ್ಜಿ ಗಾಡಿ ನೋಡ್ತು. 'ಹುಂ' ಅಂತು."

"ಯಾವ ಥರದ ಹುಂ?"

"ಬೇಕು ಅನ್ನೋ ಥರದ್ದು ಕಣಯ್ಯ! ಮೂವತ್ತು ವರ್ಷ ಹೋಟೆಲ್ ನಡೆಸಿದೀನಿ, ನಂಗೊತ್ತಾಗಲ್ವಾ?"

ಲೊವೆಲ್ ಪಿಕೆನ್ಸ್ ಬೆಲ್‌ಫೋರ್ಡ್ ಕಾಲೇಜಿನ ಸಹಾಯಕ ಕೋಚ್. ಹೊಸ ಹುಡುಗರನ್ನು ಒಲಿಸಿ ತರುವುದು ಅವನ ಕೆಲಸ. ಒಲಿಯದಿದ್ದಾಗ ಊರು ಬಿಡುವುದೂ ಅವನ ಕೆಲಸವೇ. ಮದುವೆಯಾದ ಮೇಲೆ ಇದು ಐದನೆಯ ಊರು. ಹಿಂದಿನ ನಾಲ್ಕು ಊರುಗಳಲ್ಲಿ ಅವನ ಹೆಂಡತಿ ನೆಡೀನ್ ಕಿಟಕಿಗಳಿಗೆ ಹಾಸಿಗೆಯ ಹೊದಿಕೆ ಸಿಕ್ಕಿಸಿ ಸಂಸಾರ ಮಾಡಿದ್ದಳು. ಈ ಸಲ ಹಳದಿ ಬಟ್ಟೆ ತಂದು, ಅಳತೆ ತೆಗೆದು, ತಾನೇ ಪರದೆ ಹೊಲಿದು ಹಾಕಿದ್ದಳು. "ಇವನ್ನ ನಾನು ಇಳಿಸಲ್ಲ ಲೊವೆಲ್. ನೀನು ಹೋಗೋದಾದ್ರೆ ಹೋಗು. ನಾನು, ಪರದೆ ಇಲ್ಲೇ ಇರ್ತೀವಿ," ಎಂದಿದ್ದಳು. ಅಂದು ಬೆಳಿಗ್ಗೆ ಮುಖ್ಯ ಕೋಚ್ ಹ್ಯಾಗರ್ಟಿ ಇನ್ನೂ ಚಿಕ್ಕದಾಗಿ ಹೇಳಿದ್ದ: "ಹುಡುಗ ಹೋದರೆ ನೀನೂ ಹೋದೆ."

ಲೊವೆಲ್ ಹೋಟೆಲಿಗೆ ಬಂದಾಗ ಕೆಂಪು ಪಿಕಪ್ಪಿನ ಒಡೆಯ ಟ್ಯಾಲ್ಬಟ್ ಮೂಲೆಯ ಮೇಜಿನಲ್ಲಿ ಕರಿದ ಮೀನು ತಿನ್ನುತ್ತಿದ್ದ. ದೊಡ್ಡ ವಿಶ್ವವಿದ್ಯಾಲಯದ ಅಭಿಮಾನಿಗಳು ಸೇರಿ ಮಾಡಿಕೊಂಡ ನಿಧಿಯ ಪ್ರತಿನಿಧಿ ಅವನು. ಆಟಗಾರರಿಗೆ ಜಾಹೀರಾತು ಹುಡುಕಿ ಕೊಡುವುದು ಅವನ ಉದ್ಯೋಗ. ಅವನೆದುರಿನ ಕುರ್ಚಿಯ ಹಿಂದೆ ಗೋಡೆಗೆ ಒರಗಿಸಿದ್ದು ಹೋಟೆಲಿನ ಜಾಹೀರಾತು, ತಂಡದಲ್ಲಿ ಚೆಂಡು ಎಸೆಯುವ ಬೆಲ್‌ಫೋರ್ಡಿನ ಕ್ವಾರ್ಟರ್‌ಬ್ಯಾಕ್ ವೆಸ್ಲಿ ಕ್ರೌಡರನ ಆಳೆತ್ತರದ ರಟ್ಟಿನ ಚಿತ್ರ. ಕೈಯಲ್ಲಿ ಚೆಂಡಿನ ಬದಲು ಮೀನು ಹಿಡಿದು ನಗುತ್ತಿದ್ದ. ಇಬ್ಬರೂ ಒಟ್ಟಿಗೆ ಊಟಕ್ಕೆ ಬಂದವರ ಹಾಗೆ ಕಾಣುತ್ತಿದ್ದರು.

"ಬನ್ನಿ ಕೋಚ್, ಕೂತ್ಕೊಳ್ಳಿ," ಎಂದ ಟ್ಯಾಲ್ಬಟ್. "ಹುಡುಗ ನಮ್ಮಲ್ಲಿಗೆ ಬಂದ್ರೆ ಈ ಗಾಡಿ ಅವನು ಓಡಿಸ್ಲಿ, ಡೀಲರ್‌ಗೆ ಎರಡು ಜಾಹೀರಾತು ಮಾಡಿಕೊಡ್ಲಿ ಅಂತ ನಮ್ಮಾಸೆ. ನಿಮ್ಮೂರಲ್ಲಿ ಅಂಥದ್ದೆಲ್ಲ ಕಷ್ಟ ಅಲ್ವಾ, ಪಾಪ."

ಆ "ಪಾಪ" ಪಕ್ಕದ ಮೇಜಿನಲ್ಲಿದ್ದ ಹಳೆಯ ಗಾಡಿಗಳ ವ್ಯಾಪಾರಿ ಬಡ್ ಹಾಸ್ಕಿನ್ಸನ ಎದೆಗೆ ಚುಚ್ಚಿತು. "ಕಷ್ಟ ಎಂಥದ್ದು? ನನ್ನ ಹತ್ರಾನೂ ಟ್ರಕ್ ಇದೆ."

"ನಿನ್ನ ಜಾಹೀರಾತಿಗೆ ಅಂತ ವೆಸ್ಲಿ ಓಡಿಸ್ತಿದ್ದಾನಲ್ಲೋ ಅದನ್ನ," ಎಂದಳು ಲೂರ್ಲೀನ್.

"ವೆಸ್ಲಿ ಒಳ್ಳೆ ಹುಡುಗ. ಕೇಳಿದ್ರೆ ಕೊಡ್ತಾನೆ." ಬಡ್ ಲೊವೆಲನತ್ತ ತಿರುಗಿದ. "ನೀನೇ ಕೇಳಪ್ಪ. ನಿನ್ನ ಮಾತು ಮೀರಲ್ಲ."

ಟ್ಯಾಲ್ಬಟ್ ಮೀನಿನ ಮುಳ್ಳನ್ನು ಶ್ರದ್ಧೆಯಿಂದ ಬಿಡಿಸುತ್ತಿದ್ದ.

ವೆಸ್ಲಿ ಕಾಲೇಜು ಮೈದಾನದಲ್ಲಿ ಒಬ್ಬನೇ ಚೆಂಡು ಎಸೆದು, ತಾನೇ ಓಡಿ ಹೋಗಿ ಹೆಕ್ಕಿ ತರುತ್ತಿದ್ದ. ಲೊವೆಲ್ ತಂಡದ ಹಿತ, ತ್ಯಾಗ, ಒಗ್ಗಟ್ಟು ಎಂದು ಸುತ್ತಿ ಬಳಸಿ ಟ್ರಕ್ಕಿನ ವಿಷಯಕ್ಕೆ ಬಂದ.

"ಆಯ್ತು ಸರ್," ಎಂದು ವೆಸ್ಲಿ ಬೀಗದ ಕೈ ಕೊಟ್ಟ. ಆಮೇಲೆ ಟ್ರಕ್ಕಿನಲ್ಲಿದ್ದ ಪುಸ್ತಕಗಳನ್ನೂ ಒಂದು ಜೊತೆ ಬೂಟನ್ನೂ ತೆಗೆದುಕೊಂಡು ಪಕ್ಕಕ್ಕೆ ನಿಂತ.

ಎಂಥ ಹುಡುಗ, ಎಂದುಕೊಂಡ ಲೊವೆಲ್. ಇಂಥವರಿಗೆ ಎಷ್ಟು ಸಮಾಧಾನ ಹೇಳಬೇಕಾಗುತ್ತದೆ? ಏನೂ ಇಲ್ಲ. ಏನೂ ಹೇಳದೆ ಟ್ರಕ್ ಹತ್ತಿದ.

ಅಡ್ಡಬಂದದ್ದು ದಿನಸಿ ಅಂಗಡಿಯ ತಿರುವಿನಲ್ಲಿ. ಬಿಸ್ಕೆಟ್ ಎರಡು ಹಿಟ್ಟಿನ ಚೀಲಗಳನ್ನು ದಿಂಬುಗಳ ಹಾಗೆ ಕಂಕುಳಲ್ಲಿ ಇರುಕಿಕೊಂಡು ಅಜ್ಜಿಯೊಡನೆ ರಸ್ತೆ ದಾಟುತ್ತಿದ್ದ. ಟ್ರಕ್ಕನ್ನು ನೋಡಿದವನೇ ನಿಂತುಬಿಟ್ಟ. ರಸ್ತೆಯೂ ಅಲ್ಲಿಗೆ ಮುಗಿಯಿತು.

"ಕೋಚ್! ಇದು ವೆಸ್ಲಿ ಟ್ರಕ್ ಅಲ್ವಾ?"

ಸಹಿಯ ವಾರದಲ್ಲಿ ಕೋಚುಗಳು ಹುಡುಗರನ್ನು ಭೇಟಿಯಾಗುವಂತಿಲ್ಲ; ಅಕಸ್ಮಾತ್ ಎದುರಾದರೆ ಒಂದು ನಮಸ್ಕಾರಕ್ಕಿಂತ ಹೆಚ್ಚು ಮಾತಿಲ್ಲ ಎಂಬುದು ನಿಯಮ. ಫೋನ್ ಮಾಡಬಹುದಿತ್ತು. ಆದರೆ ಕಾಲೇಜುಗಳ ಕಾಟ ತಾಳಲಾರದೆ ಮಿಸ್ ಅರ್ನೆಸ್ಟೀನ್ ಮೊಮ್ಮಗನ ಫೋನನ್ನು ಭಾನುವಾರವೇ ಹಿಟ್ಟಿನ ಡಬ್ಬಿಯಲ್ಲಿ ಹೂತಿದ್ದಳು.

"ಗುಡ್ ಮಾರ್ನಿಂಗ್!" ಎಂದ ಲೊವೆಲ್.

"ನೀವ್ಯಾಕೆ ಓಡಿಸ್ತಿದ್ದೀರಿ? ವೆಸ್ಲಿ ಏನು—"

"ಗುಡ್ ಮಾರ್ನಿಂಗ್!"

"ಒಂದೇ ಪ್ರಶ್ನೆ ಕೋಚ್, ಮುಂದಿನ ವರ್ಷ—"

"ಗುಡ್ ಮಾರ್ನಿಂಗ್, ಗುಡ್ ಮಾರ್ನಿಂಗ್!" ಎಂದು ಕೂಗುತ್ತ ಲೊವೆಲ್ ಗಾಡಿಯನ್ನು ಹಿಂದಕ್ಕೆ ಬಿಟ್ಟ. ಹಿಂದೆ ಕ್ರಿಸ್‌ಮಸ್ ಗಿಡ ಮಾರುವವನ ಸಾಲಿತ್ತು. ಮೂರು ಗಿಡಗಳು ನಮಸ್ಕಾರ ಮಾಡಿ ಮಲಗಿದವು. ಲೊವೆಲ್ ಒಂದನ್ನು ಬಂಪರಿಗೆ ಸಿಕ್ಕಿಸಿಕೊಂಡೇ ಹೊರಟುಹೋದ.

"ಈ ಮನುಷ್ಯನಿಗೆ ಬರೋದು ಇದೊಂದೇ ಮಾತಾ?" ಎಂದು ಅಜ್ಜಿ ಕೇಳಿದ್ದು ಅವನಿಗೆ ಸ್ಪಷ್ಟವಾಗಿ ಕೇಳಿಸಿತು.

ಹೋಟೆಲಿನಲ್ಲಿ ಅವನು ವರದಿ ಒಪ್ಪಿಸಿದ. "ಹುಡುಗ ಮೊದಲು ಕೇಳಿದ್ದೇ ಟ್ರಕ್ ವಿಷಯ!"

"ನಾನು ಹೇಳಲಿಲ್ವಾ?" ಎಂದು ಬಡ್ ತೊಡೆ ತಟ್ಟಿದ.

ಟ್ಯಾಲ್ಬಟ್ ನಿಟ್ಟುಸಿರಿಟ್ಟ. "ಹಾಗಾದ್ರೆ ನಾವೂ ಸ್ವಲ್ಪ ಏರಿಸಬೇಕಾಗತ್ತೆ." ಫೋನಿನಲ್ಲಿ ಯಾರೊಂದಿಗೋ ಮಾತಾಡಿ, ತಮ್ಮೂರಿನ ದೊಡ್ಡ ಮಾಂಸದಂಗಡಿಯೊಂದು ತನ್ನ ಗೋಡೆಯ ತುಂಬ ಬಿಸ್ಕೆಟ್ ಚಿತ್ರ ಬರೆಸಲಿದೆ ಎಂದು ಪ್ರಕಟಿಸಿದ.

ಲೂರ್ಲೀನ್ ತನ್ನ ಗೋಡೆಯನ್ನು ನೋಡಿದಳು. ಎಲ್ಲರೂ ನೋಡಿದರು. ರಟ್ಟಿನ ವೆಸ್ಲಿ ಮೀನು ಹಿಡಿದು ನಗುತ್ತಲೇ ಇದ್ದ.

"ಅವನಿಗೆ ಗುರುವಾರ ಗುರುವಾರ ಪುಕ್ಕಟೆ ಊಟಾನೂ ಇದೆ," ಎಂದಳು ಅವಳು ಮೆಲ್ಲಗೆ. "ಬಿಸ್ಕೆಟ್ ಬಂದ್ರೆ ಇಬ್ಬರಿಗೂ ಹಾಕೋದು ನನ್ನಿಂದಾಗಲ್ಲಪ್ಪ. ಆ ಹುಡುಗ ತಿನ್ನೋದು ಮೀನಲ್ಲ, ಕೆರೆ."

ಲೊವೆಲ್ ವೆಸ್ಲಿಗೆ ಫೋನ್ ಮಾಡಿದ. "ಆಯ್ತು ಸರ್," ಎಂದ ವೆಸ್ಲಿ. ರಟ್ಟಿನ ಚಿತ್ರವನ್ನು ಅಡುಗೆಮನೆಗೆ ಸಾಗಿಸುವಾಗ ಅದರ ಕತ್ತು ಮಡಿಚಿಕೊಂಡಿತು. "ಛೇ, ಊಟಕ್ಕೆ ಜೊತೆ ತಪ್ಪಿಹೋಯ್ತು," ಎಂದು ಟ್ಯಾಲ್ಬಟ್ ನೊಂದುಕೊಂಡ.

ಆಮೇಲೆ ಬಂದವನು ಶವಸಂಸ್ಕಾರದ ವ್ಯವಸ್ಥೆ ಮಾಡುವ ಕ್ಲೈಡ್. ಹೆದ್ದಾರಿಯಲ್ಲಿ ಅವನದೊಂದು ದೊಡ್ಡ ಫಲಕವಿತ್ತು. ವೆಸ್ಲಿ ಕಪ್ಪು ಕೋಟು ತೊಟ್ಟು ಗಂಭೀರವಾಗಿ ನಿಂತಿದ್ದ. ಕೆಳಗೆ "ಕೊನೆಯವರೆಗೂ ನಿಮ್ಮ ತಂಡದಲ್ಲಿ".

"ಬಿಸ್ಕೆಟ್ ಆದ್ರೆ ಇನ್ನೂ ಚೆನ್ನ," ಎಂದ ಕ್ಲೈಡ್. "'ಭಾರ ನಮಗೆ ಬಿಡಿ' ಅಂತ ಬರೆಸ್ಬಹುದು. ಜನಕ್ಕೆ ಒಂದು ಧೈರ್ಯ ಬರತ್ತೆ."

"ಆಯ್ತು ಸರ್," ಎಂದ ವೆಸ್ಲಿ ಫೋನಿನಲ್ಲಿ, ಮೂರನೆಯ ಸಲ. ಈ ಸಲ "ಸರ್" ಬರುವುದಕ್ಕೆ ಮೊದಲು ಸ್ವಲ್ಪ ಹೊತ್ತು ಹಿಡಿಯಿತು. ಲೊವೆಲ್ ಸಿಗ್ನಲ್ ಸರಿಯಿಲ್ಲ ಎಂದುಕೊಂಡ. ಊರಿನ ಮೂವರೂ ತಮ್ಮ ಕೊಡುಗೆಗಳನ್ನು ಒಂದು ಹಾಳೆಯಲ್ಲಿ ಬರೆದು, ಪೈ ಡಬ್ಬಿಯ ಮೇಲಿಟ್ಟು, ಮಿಸ್ ಅರ್ನೆಸ್ಟೀನಳ ಮನೆಗೆ ಕಳಿಸಿದರು.

ಮಧ್ಯಾಹ್ನ ಇಡೀ ಬೀದಿ ಹೋಟೆಲಿನಲ್ಲಿ ಸೇರಿತು. ಕೋಚುಗಳು ಸಹಿಯ ಜಾಗದಲ್ಲಿ ಇರಬಾರದಾದ್ದರಿಂದ ಲೊವೆಲ್ ಟಿವಿಯಲ್ಲೇ ನೋಡಬೇಕಿತ್ತು. ಪರದೆಯ ಮೇಲೆ ಬಿಸ್ಕೆಟ್. ಅವನ ಪಕ್ಕ ಭಾನುವಾರದ ಹ್ಯಾಟು ಧರಿಸಿದ ಅಜ್ಜಿ. ಅವನು ಕೈ ಚಾಚಿ ದೊಡ್ಡ ವಿಶ್ವವಿದ್ಯಾಲಯದ ಟೋಪಿ ತೆಗೆದುಕೊಂಡ. ಲೊವೆಲನ ಕಣ್ಣ ಮುಂದೆ ಹಳದಿ ಪರದೆಗಳು ಒಂದೊಂದಾಗಿ ಕಳಚಿದವು.

ಬಿಸ್ಕೆಟ್ ಆ ಟೋಪಿಯಿಂದ ಹಣೆಯ ಬೆವರು ಒರೆಸಿಕೊಂಡು ಕೆಳಗಿಟ್ಟ. ಬೆಲ್‌ಫೋರ್ಡಿನ ಟೋಪಿ ಎತ್ತಿ ತಲೆಯ ಮೇಲಿಟ್ಟ. ಅದು ಕುಂಬಳಕಾಯಿಯ ಮೇಲೆ ಚಹಾ ಬಟ್ಟಲಿಟ್ಟ ಹಾಗೆ ಕೂತಿತು.

ಬಡ್ ಲೂರ್ಲೀನಳನ್ನು ತಬ್ಬಿಕೊಂಡ. ಕ್ಲೈಡ್ ವೃತ್ತಿಜೀವನದಲ್ಲಿ ಮೊದಲ ಬಾರಿಗೆ ಶಿಳ್ಳೆ ಹೊಡೆದ. ಟ್ಯಾಲ್ಬಟ್ ಎದ್ದು ಬಂದು ಲೊವೆಲನ ಕೈ ಕುಲುಕಿ, "ನಿಮ್ಮೂರಿನ ಒಗ್ಗಟ್ಟು ದೊಡ್ಡದು ಕೋಚ್," ಎಂದು, ಎಲ್ಲರ ಪೈಗೂ ತಾನೇ ದುಡ್ಡು ಕೊಟ್ಟು ಹೊರಗೆ ಹೋದ. ಸೋತವನ ಮುಖದಲ್ಲಿ ಇಷ್ಟೊಂದು ನೆಮ್ಮದಿಯನ್ನು ಲೊವೆಲ್ ಎಂದೂ ಕಂಡಿರಲಿಲ್ಲ.

ಅವನ ಫೋನ್ ಹೊಡೆದುಕೊಂಡಿತು. ಹ್ಯಾಗರ್ಟಿ.

"ನೋಡಿದ್ರಾ ಕೋಚ್?" ಎಂದ ಲೊವೆಲ್ ಉಬ್ಬಿ.

"ನೋಡ್ತಾ ಇದೀನಿ. ವರ್ಗಾವಣೆ ಪಟ್ಟೀನ. ವೆಸ್ಲಿ ಆಫೀಸಿಗೆ ಬಂದು ಬೇರೆ ಕಾಲೇಜಿಗೆ ಹೋಗ್ತೀನಿ ಅಂತ ಹೆಸರು ಬರೆಸಿದ್ದಾನೆ. ನಡ್ಕೊಂಡು ಬಂದನಂತೆ. ಟ್ರಕ್ ಎಲ್ಲಿ ಅಂದ್ರೆ, ಪಿಕೆನ್ಸ್ ಸರ್‌ನ ಕೇಳಿ ಅಂದನಂತೆ."

"ಆದ್ರೆ ಬಿಸ್ಕೆಟ್ ಸಹಿ..."

"ಹುಡುಗ ಹೋದರೆ ನೀನೂ ಹೋದೆ ಅಂದಿದ್ದೆ. ಯಾವ ಹುಡುಗ ಅಂತ ಹೇಳಿದ್ನಾ? ಚೆಂಡು ಎಸೆಯೋರು ಯಾರಯ್ಯ ನಮಗೆ, ನಿನ್ನ ಹೆಂಡತೀನಾ?"

ಲೊವೆಲ್ ಹೊರಗೆ ಓಡಿದ. ಟ್ಯಾಲ್ಬಟ್ ಕೆಂಪು ಪಿಕಪ್ಪಿಗೆ ಒರಗಿ ಫೋನಿನ ಪರದೆ ನೋಡುತ್ತಿದ್ದ.

"ಬಂತು ನೋಡಿ ಹೆಸರು," ಎಂದ. "ಈಗ ಮಾತಾಡಿಸ್ಬಹುದು."

"ನೀವು ಬಂದಿದ್ದು ವೆಸ್ಲಿಗಾ?"

"ನಿಮ್ಮ ಬಿಸ್ಕೆಟ್‌ನಂಥೋರು ನಮ್ಮಲ್ಲಿ ನಾಲ್ಕು ಜನ ಇದಾರೆ ಕೋಚ್. ಎಸೆಯೋನು ಒಬ್ಬನೂ ಇಲ್ಲ."

"ಪಟ್ಟಿಗೆ ಬರೋ ಮೊದಲೇ ಬೇರೆ ಕಾಲೇಜಿನ ಹುಡುಗನ ತಲೆ ಕೆಡಿಸೋದು ನಿಯಮಕ್ಕೆ ವಿರುದ್ಧ!"

"ಖಂಡಿತ ವಿರುದ್ಧ. ಅದಕ್ಕೇ ನಾನು ಅವನ ಜೊತೆ ಒಂದು ಮಾತೂ ಆಡಿಲ್ಲ." ಟ್ಯಾಲ್ಬಟ್ ಬಾಗಿಲು ತೆರೆದ. "ಬೆಳಿಗ್ಗೆಯಿಂದ ಮಾತಾಡಿದ್ದೆಲ್ಲ ನೀವೇ ಅಲ್ವಾ?"

ಪಿಕಪ್ ಕಾಲೇಜಿನ ಕಡೆಗೆ ಹೊರಟಿತು. ಖಾಲಿಯಾದ ಜಾಗಕ್ಕೆ ಒಂದು ಹಳೆಯ ನೀಲಿ ಕಾರು ನಿಧಾನವಾಗಿ ಬಂದು ನಿಂತಿತು. ಮಿಸ್ ಅರ್ನೆಸ್ಟೀನ್ ಊರುಗೋಲು ಹಿಡಿದು ಇಳಿದಳು.

"ಅಂತೂ ತೆಗೆದ್ನಾ ಆ ಗಾಡೀನ?" ಎಂದಳು. "ಕಾಲು ಕೈ ಸರಿಯಿಲ್ಲದವರಿಗೆ ಅಂತ ಬಿಟ್ಟಿರೋ ಜಾಗ ಇದು. ಬೆಳಿಗ್ಗೆಯಿಂದ ನಿಲ್ಲಿಸ್ಕೊಂಡು ಕೂತಿದ್ದ. ನಾನು ಆ ತುದಿಯಿಂದ ನಡ್ಕೊಂಡು ಬರ್ಬೇಕಾಯ್ತು."

ಲೊವೆಲ್ ನೆಲದ ಮೇಲೆ ಬಳಿದಿದ್ದ ಗಾಲಿಕುರ್ಚಿಯ ಗುರುತನ್ನು ನೋಡಿದ.

ಕಾರಿನ ಇನ್ನೊಂದು ಬಾಗಿಲಿನಿಂದ ಬಿಸ್ಕೆಟ್ ಕಂತು ಕಂತಾಗಿ ಹೊರಬಂದ. ಟೋಪಿ ಇನ್ನೂ ತಲೆಯ ಮೇಲಿತ್ತು.

"ಕೋಚ್, ಆ ಟ್ರಕ್ ವೆಸ್ಲಿಗೇ ವಾಪಸ್ ಕೊಟ್ಬಿಡಿ. ನಂಗೆ ಲೈಸೆನ್ಸೇ ಇಲ್ಲ. ಸ್ಟಿಯರಿಂಗ್ ಹಿಂದೆ ಹೊಟ್ಟೆ ಹಿಡಿಯಲ್ಲ." ಅವನು ಹತ್ತಿರ ಬಂದು ನಿಂತ, ಲೊವೆಲನ ಮೇಲೆ ನೆರಳು ಬಿತ್ತು. "ಬೆಳಿಗ್ಗೆ ಕೇಳೋಕೆ ಬಿಡಲೇ ಇಲ್ಲ ನೀವು. ಸಹಿ ಆಯ್ತಲ್ಲ, ಈಗ ಕೇಳ್ಬಹುದು ತಾನೆ? ನಂಗೆ ಬೀಜಗಣಿತ ಹೇಳಿಕೊಟ್ಟು ಪಾಸ್ ಮಾಡಿಸಿದ್ದು ವೆಸ್ಲಿ. ದಿನಾ ಸಂಜೆ ಆ ಟ್ರಕ್ಕಲ್ಲೇ ಬರ್ತಿದ್ದ ನಮ್ಮನೆಗೆ. ಅವನ ಜೊತೆ ಆಡ್ಬೇಕು ಅಂತಾನೇ ಈ ಟೋಪಿ ಹಾಕ್ಕೊಂಡೆ."

ಅಜ್ಜಿ ತಲೆದೂಗಿದಳು. "ಮೂರು ತಿಂಗಳ ಹಿಂದೇನೇ ತೀರ್ಮಾನ ಆಗಿತ್ತು. ಇವತ್ತು ಬರೀ ಟೋಪಿ ಶಾಸ್ತ್ರ."

"ಮುಂದಿನ ವರ್ಷ ವೆಸ್ಲಿ ಇಲ್ಲೇ ಇರ್ತಾನೆ ಅಲ್ವಾ ಕೋಚ್?"

ರಸ್ತೆಯ ತುದಿಯಲ್ಲಿ ಕೆಂಪು ಪಿಕಪ್ ಆಗಲೇ ಕಾಲೇಜಿನತ್ತ ಹೊರಳಿ ಮರೆಯಾಗಿತ್ತು. ಲೊವೆಲನ ಕೈಯಲ್ಲಿ ಫೋನ್ ಮತ್ತೆ ಹೊಡೆದುಕೊಳ್ಳುತ್ತಿತ್ತು, ನೆಡೀನ್. ಸಹಿಯಾದ ಹುಡುಗನೊಂದಿಗೆ ಎಷ್ಟು ಬೇಕಾದರೂ ಮಾತಾಡಬಹುದು, ಯಾವ ನಿಯಮದ ಅಡ್ಡಿಯೂ ಇಲ್ಲ. ಅವನು ಗಂಟಲು ಸರಿಪಡಿಸಿಕೊಂಡ. ಅಜ್ಜಿ, ಮೊಮ್ಮಗ ಇಬ್ಬರೂ ಕಾದರು.

"ಗುಡ್ ಆಫ್ಟರ್‌ನೂನ್," ಎಂದ ಲೊವೆಲ್.