ಟಿಶ್ಯೂ ಪ್ಯಾಕೆಟ್ ಹಿಡಿದ ಕಿಟಕಿ ಜಾಗ

"ಈ ಸಲ ಹಾಂಗ್‌ಕಾಂಗ್‌ನಲ್ಲಿ ನಿನ್ನನ್ನ ಒಂದೇ ಒಂದು ಗಳಿಗೆ ನಿಲ್ಲಿಸಿ ಕಾಯಿಸಿದ್ರೆ ನನ್ನ ಹೆಸರು ಬೂನ್ ಟೆಕ್ ಅಲ್ಲ!"

ಸಿಂಗಪುರದ ಟೋವಾ ಪಾಯೋದ ಫ್ಲ್ಯಾಟಿನಲ್ಲಿ, ಸೂಟ್‌ಕೇಸಿನ ಮೇಲೆ ಕೂತು ಜಿಪ್ ಎಳೆಯುತ್ತಾ ಬೂನ್ ಟೆಕ್ ಹೀಗೆ ಶಪಥ ಮಾಡಿದಾಗ ಹೆಂಡತಿ ಸೂ ಕೆಂಗ್ ತಲೆ ಎತ್ತಿಯೂ ನೋಡಲಿಲ್ಲ.

"ಈಗ ಹೆಸರು ಬದಲಾಯಿಸಿದ್ರೆ ಪಾಸ್‌ಪೋರ್ಟಿಗೆ ತೊಂದರೆ, ಮುದುಕಪ್ಪಾ. ಸುಮ್ಮನೆ ಜಿಪ್ ಎಳಿ," ಅಂದಳು.

ಅವಳಿಗೆ ಬೇಕಾಗಿದ್ದುದು ಒಂದೇ. ಹಾಂಗ್‌ಕಾಂಗ್‌ ಬಂದರಿನ ದಂಡೆಯ ಮೇಲೊಂದು ಹಳೆಯ ಚಹಾಮನೆ. ಅದರ ಕಿಟಕಿ ಪಕ್ಕದ ಟೇಬಲ್ಲು. ಆಚೆ ದಡದಿಂದ ಫೆರ್ರಿ ಬರುವುದನ್ನು ನೋಡುತ್ತಾ ಹಬೆಯಾಡುವ ಸೀಗಡಿ ಕಡುಬು ತಿನ್ನಬೇಕು. ಅವಳ ಅಮ್ಮ ಮದುವೆಯಾಗಿ ಸಿಂಗಪುರದ ಹಡಗು ಹತ್ತುವ ಬೆಳಿಗ್ಗೆ ಅಲ್ಲೇ ಕೂತು ತಿಂದಿದ್ದಳಂತೆ. ಸಾಯುವವರೆಗೂ ಆ ಕಡುಬನ್ನೇ ಹೊಗಳಿದಳು, ಅಳಿಯನನ್ನು ಒಮ್ಮೆಯೂ ಹೊಗಳಲಿಲ್ಲ!

ಆದರೆ ಬೂನ್ ಟೆಕ್ ಬಿಟ್ಟಾನೆಯೇ? ಅಲ್ಲಿಗೆ ಹೋಗಿ ಇಳಿದದ್ದೇ ಬೆಟ್ಟ ಹತ್ತಿಸಿದ, ಬೆಟ್ಟದ ಮೇಲಿನ ಬುದ್ಧನನ್ನು ತೋರಿಸಿದ, ತನಗೊಂದು ಟೋಪಿ ಕೊಳ್ಳಲು ಬೀದಿಯೆಲ್ಲ ಅಲೆಸಿದ. ಕಿಟಕಿ ಮಾತ್ರ ನಾಳೆ ನಾಳೆ ಅಂತ ಮುಂದಕ್ಕೆ ಹೋಗಿ, ಕೊನೆಗೆ ಊರು ಬಿಡುವ ದಿನದ ಬೆಳಿಗ್ಗೆಗೆ ಬಂದು ನಿಂತಿತು. ಮಧ್ಯಾಹ್ನ ವಿಮಾನ. ಇವತ್ತು ತಪ್ಪಿದರೆ ತಪ್ಪಿತು.

ಚಹಾಮನೆಯೊಳಗೆ ಕಾಲಿಟ್ಟರೆ, ಅದೇನು ಜನ! ಕುರ್ಚಿಗೊಬ್ಬ ತಿನ್ನುತ್ತಿದ್ದ. ಅವನ ಬೆನ್ನ ಹಿಂದೆ ಇನ್ನೊಬ್ಬ ನಿಂತು, ಆ ದವಡೆ ಯಾವಾಗ ನಿಲ್ಲುತ್ತದೋ ಎಂದು ಕಣ್ಣು ಮಿಟುಕಿಸದೆ ನೋಡುತ್ತಿದ್ದ.

"ಥೂ! ಉಣ್ಣೋರ ಹಿಂದೆ ಯಮದೂತರ ಥರ ನಿಲ್ಲೋದಾ?" ಬೂನ್ ಟೆಕ್‌ನಿಗೆ ಮೈಯೆಲ್ಲ ಉರಿಯಿತು. "ಇಷ್ಟು ದೊಡ್ಡ ಊರು, ಒಂದು ನಾಗರಿಕತೆ ಬೇಡ್ವಾ?"

ಅಷ್ಟರಲ್ಲಿ ಕಿಟಕಿ ಪಕ್ಕದವರು ಎದ್ದರು! ಬೂನ್ ಟೆಕ್ ಹಾರಿ ಹೋದ. ಜೇಬಿನಿಂದ ನೀಲಿ ಹೂವಿನ ಟಿಶ್ಯೂ ಪ್ಯಾಕೆಟ್ ತೆಗೆದ. ರಾಜ್ಯ ಗೆದ್ದವನು ಬಾವುಟ ನೆಡುವ ಹಾಗೆ ಟೇಬಲ್ಲಿನ ನಟ್ಟನಡುವೆ ಇಟ್ಟ. ಮುಗಿಯಿತು! ಟೋವಾ ಪಾಯೋದ ಊಟದಂಗಡಿಗಳಲ್ಲಿ ಜಾಗ ಹಿಡಿಯಲು ಟಿಶ್ಯೂ ಪ್ಯಾಕೆಟ್ ಇಟ್ಟ ಟೇಬಲ್ಲನ್ನು ಪುಂಡರೂ ಮುಟ್ಟರು, ಪೊಲೀಸರೂ ಮುಟ್ಟರು. ಹಸಿದು ಕಣ್ಣು ಕತ್ತಲೆ ಬಂದವನೂ ತಟ್ಟೆ ಹಿಡಿದು ಅದನ್ನು ಸುತ್ತು ಹಾಕಿಕೊಂಡು ಹೋಗುತ್ತಾನೆ.

"ನೀನು ಇಲ್ಲೇ ಕೂತಿರು ಕಣೋ. ಕಡುಬಿನ ಗಾಡಿ ಹತ್ರ ನಾನು ಹೋಗಿ ತರ್ತೀನಿ," ಅಂದಳು ಸೂ ಕೆಂಗ್.

"ನಾನು ಕಾವಲು ಕೂತ್ರೆ ಪ್ಯಾಕೆಟ್ಟಿಗೆ ಅವಮಾನ! ಬಾ, ಆರಾಮಾಗಿ ಆರಿಸ್ಕೊಳ್ಳೋಣ."

ಕಡುಬಿನ ತಳ್ಳುಗಾಡಿಯ ಸುತ್ತ ಕುಸ್ತಿ ಅಖಾಡ. ನುಗ್ಗಿ, ನೂಕಿಸಿಕೊಂಡು, ಅವಳು ಸೀಗಡಿ ಕಡುಬಿನ ಬುಟ್ಟಿ ಗೆದ್ದಳು. ಅವನ ಕೈಗೆ ಬಿಸಿಬಿಸಿ ಬುಟ್ಟಿಗಳ ಗೋಪುರವೇ ಬಂತು. ತಿರುಗಿ ನೋಡಿದರೆ ಕಿಟಕಿ ಪಕ್ಕದಲ್ಲಿ ನೇರಳೆ ಸ್ವೆಟರಿನ ಒಬ್ಬಳು ಅಜ್ಜಿ, ಅವಳ ಪಕ್ಕ ಪೇಪರಿನ ಹಿಂದೆ ಅಡಗಿದ ಅಜ್ಜ! ಅಜ್ಜಿ ಚಾಪ್‌ಸ್ಟಿಕ್ ಒರೆಸುತ್ತಿದ್ದಳು. ಯಾವುದರಿಂದ? ನೀಲಿ ಹೂವಿನ ಪ್ಯಾಕೆಟ್ಟಿನ ಟಿಶ್ಯೂವಿನಿಂದ!

"ಅಜ್ಜೀ! ಅದು ನನ್ನ ಟೇಬಲ್!"

"ಹೌದಾ? ನಿನ್ನ ಹೆಸರು ಬರೆದಿದೆಯಾ?"

"ಪ್ಯಾಕೆಟ್ ಇಟ್ಟಿದ್ದೆ! ಕಾಣ್ಲಿಲ್ವಾ?"

"ಓ, ಇದು ನಿಂದಾ? ಹೋಟೆಲ್‌ನೋರು ಇಟ್ಟಿದ್ದು ಅಂದ್ಕೊಂಡೆ. ಬಹಳ ತೆಳು ಕಣಪ್ಪಾ, ಹರಿದು ಹೋಗುತ್ತೆ."

"ನಮ್ಮೂರಲ್ಲಿ ಇದನ್ನ ಇಟ್ಟ ಮೇಲೆ ರಾಜ ಬಂದ್ರೂ ಕೂರೋ ಹಾಗಿಲ್ಲ!"

"ನಮ್ಮೂರಲ್ಲಿ ಜಾಗ ಹಿಡಿಯೋಕೆ ಕಾಗದ ಇಡಲ್ಲ ಮಗಾ," ಅಜ್ಜಿ ಬಟ್ಟಲು ಒರೆಸತೊಡಗಿದಳು, "ಕುಂಡಿ ಇಡ್ತೀವಿ."

ಪೇಪರು ಗಡಗಡ ಅಲುಗಿತು. ಅಜ್ಜ ಒಳಗೇ ನಗುತ್ತಿದ್ದ.

ಬೂನ್ ಟೆಕ್ ಧುಮುಗುಟ್ಟಿದ. ಇದು ಅವನೊಬ್ಬನ ಮಾತಲ್ಲ, ಇಡೀ ಸಿಂಗಪುರದ ಮಾನದ ಪ್ರಶ್ನೆ! ಕಂಬದ ಪಕ್ಕ ಟೇಬಲ್ಲೊಂದು ಖಾಲಿಯಾಯಿತು. ಒಂದೇ ಕೈಯಲ್ಲಿ ಬುಟ್ಟಿಗೋಪುರ ಹಿಡಿದು, ತಲೆಯ ಮೇಲಿನ ಹೊಸ ಟೋಪಿಯನ್ನೇ ಅದರ ಮೇಲೆ ಎಸೆದ. ಅದು ಬಿದ್ದ ಮರುಕ್ಷಣವೇ ಸಪ್ಲೈಯರ್ ಎಂಜಲು ತಟ್ಟೆಗಳನ್ನೂ ಟೋಪಿಯನ್ನೂ ಒಟ್ಟಿಗೆ ಬಾಚಿ ಪಾತ್ರೆ ತೊಳೆಯುವ ತೊಟ್ಟಿಗೆ ಹಾಕಿಕೊಂಡು ಹೊರಟೇಬಿಟ್ಟ! ಇನ್ನೊಂದು ಕುರ್ಚಿ ಸಿಕ್ಕಿತು. ಕಂಕುಳಲ್ಲಿದ್ದ ಕೊಡೆ ಇಟ್ಟ. ಒಬ್ಬ ದಡೂತಿ ಮನುಷ್ಯ ಬಂದು ಕೊಡೆಯನ್ನು ಬಲು ಮರ್ಯಾದೆಯಿಂದ ಗೋಡೆಯ ಮೊಳೆಗೆ ತೂಗುಹಾಕಿ, ಅಷ್ಟೇ ಮರ್ಯಾದೆಯಿಂದ ತಾನು ಕೂತ.

"ದರೋಡೆ!" ಬೂನ್ ಟೆಕ್ ಸಪ್ಲೈಯರ್ ಹಿಂದೆ ಓಡಿದ. "ಈ ಊರಲ್ಲಿ ಕಾನೂನು ಅನ್ನೋದೇ ಇಲ್ವಾ?"

"ಇದೆಯಲ್ಲಾ ಅಂಕಲ್. ಟೇಬಲ್ ಮೇಲಿರೋದೆಲ್ಲ ತೊಟ್ಟಿಗೆ," ಅನ್ನುತ್ತಾ ಅವನು ಸೋಪಿನ ನೀರಿನಿಂದ ಟೋಪಿ ಎತ್ತಿ, ಹಿಂಡಿ, ಬೂನ್ ಟೆಕ್‌ನ ಬೋಳು ತಲೆಯ ಮೇಲೆ ತಾನೇ ಕೂರಿಸಿದ. ಕೈಯಲ್ಲಿ ಬುಟ್ಟಿಗೋಪುರ, ಕಿವಿಯ ಮೇಲೆ ನೊರೆ!

"ಬಾ ಕೆಂಗ್, ಹೋಗೋಣ! ಇಂಥ ಊರಲ್ಲಿ ನೀರೂ ಮುಟ್ಟಬಾರದು!" ಎಂದು ತಿರುಗಿದ. ಕೆಂಗ್ ಪಕ್ಕದಲ್ಲಿರಲಿಲ್ಲ.

ಅವಳು ಕಿಟಕಿಯ ಬಳಿ ಇದ್ದಳು!

ಅವಳು ಮಾಡಿದ್ದು ಇಷ್ಟೇ. ಆ ನಾಲ್ಕು ಕುರ್ಚಿಯ ಟೇಬಲ್ಲಿಗೆ ಹೋಗಿ, "ಅಜ್ಜೀ, ಇಲ್ಲಿ ಯಾರಾದ್ರೂ ಬರ್ತಾರಾ?" ಎಂದು ಕೇಳಿದಳು. "ಕೂರಮ್ಮಾ, ಟೇಬಲ್ ಏನು ನಮ್ಮಪ್ಪಂದಾ?" ಎಂದು ಅಜ್ಜಿ ಬಟ್ಟಲು ಸರಿಸಿದಳು. ಗುರುತು ಪರಿಚಯ ಇಲ್ಲದವರು ಟೇಬಲ್ ಹಂಚಿಕೊಳ್ಳುವುದು ಅಲ್ಲಿ ದಿನದ ಪದ್ಧತಿ. ಈಗ ಸೂ ಕೆಂಗ್ ಫೆರ್ರಿ ನೋಡುತ್ತಾ, ಅಜ್ಜಿ ಬಗ್ಗಿಸಿದ ಚಹಾ ಕುಡಿಯುತ್ತಾ, ಅಮ್ಮನ ಕಡುಬನ್ನು ಕಣ್ಣು ಮುಚ್ಚಿ ಸವಿಯುತ್ತಿದ್ದಳು.

ನಾಲ್ಕನೆಯ ಕುರ್ಚಿ ಖಾಲಿ! ಬೂನ್ ಟೆಕ್ ಸಿಟ್ಟನ್ನೆಲ್ಲ ನುಂಗಿಕೊಂಡು ಬಂದು ಕೂರಲು ಬಗ್ಗಿದ.

"ಏಯ್!" ಅಜ್ಜಿ ಚಾಪ್‌ಸ್ಟಿಕ್ಕಿನಿಂದ ಅವನ ಮೊಣಕೈಗೆ ಕುಟ್ಟಿದಳು. "ಪ್ಯಾಕೆಟ್ ಕಾಣಲ್ವಾ? ಈಯಮ್ಮ ಯಾರಿಗೋ ಜಾಗ ಹಿಡಿದಿದಾಳೆ!"

ಕುರ್ಚಿಯ ಮೇಲೆ ನೀಲಿ ಹೂವಿನ ಪ್ಯಾಕೆಟ್ ಕೂತಿತ್ತು.

"ಅದು... ಅದು ನನ್ನ ಪ್ಯಾಕೆಟ್ಟೇ!"

"ಹೆಸರು ಬರೆದಿದೆಯಾ?"

ಬೂನ್ ಟೆಕ್ ದೀನನಾಗಿ ಹೆಂಡತಿಯ ಮುಖ ನೋಡಿದ. ಸೂ ಕೆಂಗ್ ಇನ್ನೊಂದು ಕಡುಬನ್ನು ಬಾಯಿಗಿಟ್ಟು, ನಿಧಾನವಾಗಿ ಅಗಿದು, ನುಂಗಿದಳು.

"ನನ್ನ ಗಂಡನಿಗೆ ಹಿಡಿದದ್ದು ಅಜ್ಜಿ. ಬೂನ್ ಟೆಕ್ ಅಂತ ಹೆಸರು. ಉಣ್ಣೋರ ಹಿಂದೆ ನಿಲ್ಲೋದು ಅಂದ್ರೆ ಅವನಿಗೆ ಆಗಲ್ಲ. ಇವರ್ಯಾರೋ ಬೇರೆ."

ಫೆರ್ರಿ ಆಚೆ ದಡಕ್ಕೆ ಹೋಯಿತು, ಮತ್ತೆ ಈಚೆಗೆ ಬಂತು. ಸೂ ಕೆಂಗ್‌ಳ ದವಡೆ ನಿಲ್ಲುವುದನ್ನೇ ಕಾಯುತ್ತಾ, ತಣ್ಣಗಾಗುತ್ತಿದ್ದ ಬುಟ್ಟಿಗಳನ್ನು ಹಿಡಿದು ಬೂನ್ ಟೆಕ್ ಅವಳ ಬೆನ್ನ ಹಿಂದೆ ನಿಂತೇ ಇದ್ದ. ಟಿಶ್ಯೂ ಪ್ಯಾಕೆಟ್ ಮಾತ್ರ ಕುರ್ಚಿಯಲ್ಲಿ ಆರಾಮಾಗಿ ಕೂತು ಬಂದರು ನೋಡುತ್ತಿತ್ತು.